ಸಹಾಯ ಬೇಕು: ಬೆಳಗಾವಿಯಲ್ಲಿ ಹಂದಿಯ ಲಿವರ್, ಹಾರ್ಟ್, ನಾಲಿಗೆ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಟಿಳಕವಾಡಿ ಕಡೆ ಇದ್ದೇನೆ. ಈ ಸಲ ಕ್ರಿಸ್‌ಮಸ್‌ಗೆ ಮನೆಯಲ್ಲೇ ಗೋವಾದ ಸೊರ್ಪೊತೆಲ್ (ಹಂದಿ ಮಾಂಸ, ಒಳಗಿನ ಭಾಗಗಳ ಖಾರ-ಹುಳಿ ಸಾರು) ಮಾಡಬೇಕು ಅಂತ ತುಂಬಾ ಆಸೆ. ಅಂಗಡಿಯಲ್ಲಿ ಕೇಳಿದರೆ ಬರೀ ಮಾಂಸ ಕೊಡುತ್ತಾರೆ. ಒಳಗಿನ ಭಾಗಗಳಿಲ್ಲದೆ ಅದು ಸೊರ್ಪೊತೆಲ್ ಅನ್ನಿಸೋದೇ ಇಲ್ಲ.

ನನಗೆ ಗೊತ್ತಿರುವ ವಿಧಾನ ಇದು. ಮಾಂಸ, ಲಿವರ್, ಹಾರ್ಟ್ ಎಲ್ಲ ಮೊದಲು ಬೇಯಿಸಿ, ಬೆರಳ ತುದಿಯಷ್ಟು ಚಿಕ್ಕ ಚೌಕಗಳಾಗಿ ಹೆಚ್ಚಬೇಕು. ಅದರದ್ದೇ ಕೊಬ್ಬಿನಲ್ಲಿ ಹುರಿದು, ಕೆಂಪು ಮೆಣಸಿನಕಾಯಿ, ಚಕ್ಕೆ, ಲವಂಗ, ಬೆಳ್ಳುಳ್ಳಿಯನ್ನು ವಿನೆಗರ್‌ನಲ್ಲಿ ಅರೆದ ಮಸಾಲೆಗೆ ಹಾಕಿ ಕುದಿಸಬೇಕು. ಕೆಲವರು ರಕ್ತವನ್ನೂ ಸೇರಿಸುತ್ತಾರೆ, ನನಗೆ ಅದು ಬೇಡ. ಮಾಡಿದ ದಿನಕ್ಕಿಂತ ಎರಡು ಮೂರು ದಿನ ಬಿಟ್ಟು ತಿಂದರೆ ರುಚಿ ಜಾಸ್ತಿ. ಜೊತೆಗೆ ಇಡ್ಲಿಯಂಥ ‘ಸಣ್ಣಾ’ ಇರಲೇಬೇಕು!

ಕ್ಯಾಂಪ್ (ಕಂಟೋನ್ಮೆಂಟ್) ಕಡೆ ಮುಂಚೆ ಹೇಳಿಟ್ಟರೆ ತಾಜಾ ಲಿವರ್ ತೆಗೆದಿಡುವವರು ಯಾರಾದರೂ ಇದ್ದಾರಾ? ನಾಲಿಗೆ ಮೇಲಿನ ಬಿಳಿ ಪದರ ತೆಗೆಯೋದು ಹೇಗೆ? ಕಳ್ಳಿನ ವಿನೆಗರ್ ಇಲ್ಲಿ ಸಿಗುತ್ತಾ, ಇಲ್ಲ ಗೋವಾದಿಂದಲೇ ತರಿಸಬೇಕಾ? ಬ್ಯಾಡಗಿ ಮೆಣಸಿನಕಾಯಿ ಸಾಕಾಗುತ್ತಾ?

ಇನ್ನೊಂದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಕ್ರಾಪಲ್ ಅಂತ ಮಾಡುತ್ತಾರೆ. ಹಂದಿ ತಲೆಯ ಮಾಂಸ, ಲಿವರ್ ಬೇಯಿಸಿದ ನೀರಿಗೆ ಗೋವಿನಜೋಳದ ಹಿಟ್ಟು ಹಾಕಿ ತಿರುವಿ, ತಣ್ಣಗಾದ ಮೇಲೆ ಹೋಳು ಮಾಡಿ ಹುರಿಯುತ್ತಾರೆ. ನಮ್ಮ ಜುಣಕದ ವಡಿ ಹಾಗೇ ಅಲ್ವಾ? ಬಿಳಿಜೋಳದ ಹಿಟ್ಟಿನಲ್ಲಿ ಯಾರಾದರೂ ಮಾಡಿ ನೋಡಿದ್ದೀರಾ? ಹೋಳು ಗಟ್ಟಿಯಾಗಿ ನಿಲ್ಲುತ್ತಾ, ಬಾಣಲೆಯಲ್ಲಿ ಪುಡಿಯಾಗುತ್ತಾ?

ಗೋವಾ, ಮಂಗಳೂರು ಕಡೆಯ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ತಿಳಿಸಿ. ಅಂಗಡಿ ಗೊತ್ತಿದ್ದರೆ ಯಾವ ರಸ್ತೆ, ಯಾವ ವಾರ ಹೋಗಬೇಕು ಅಂತಲೂ ಬರೆಯಿರಿ.