ಸಿಎಸ್‌ಎಲ್ ಭಂಡಾರಕ್ಕೆ ಹೊಸ ಉಲ್ಲೇಖ ಶೈಲಿ: ಸ್ವತಂತ್ರವೋ, ಅವಲಂಬಿತವೋ? ಪರೀಕ್ಷೆ ಯಾಕೆ ಕೆಂಪು?

ಪುಟದಂಚು ಕೇಳಿದ್ದು:

ಸಮಾಜವಿಜ್ಞಾನದ ಒಂದು ಪತ್ರಿಕೆಗೆ ಸಿಎಸ್‌ಎಲ್ (ಸೈಟೇಶನ್ ಸ್ಟೈಲ್ ಲ್ಯಾಂಗ್ವೇಜ್, ಉಲ್ಲೇಖಗಳ ರೂಪವನ್ನು ಬರೆದಿಡುವ ಎಕ್ಸ್‌ಎಂಎಲ್ ಭಾಷೆ) ಶೈಲಿ ಕಡತ ಸಿದ್ಧವಾಗಿದೆ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್‌ನ ಶೈಲಿ) ಕಡತವನ್ನೇ ಸಿಎಸ್‌ಎಲ್‌ನ ವಿಷುವಲ್ ಎಡಿಟರಿನಲ್ಲಿ ತೆರೆದು ತಿದ್ದಿ ಮಾಡಿದ್ದು. ಉಲ್ಲೇಖ ನಿರ್ವಹಿಸುವ ತಂತ್ರಾಂಶ ಜೊಟೆರೊದಲ್ಲಿ ಓಡುತ್ತದೆ. ಎಲ್ಲರಿಗೂ ಸಿಗಲಿ ಅಂತ ಗಿಟ್‌ಹಬ್‌ನ ‘ಸ್ಟೈಲ್ಸ್’ ಭಂಡಾರಕ್ಕೆ ಪುಲ್ ರಿಕ್ವೆಸ್ಟ್ (ಕಡತ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರೆ ಅಲ್ಲಿನ ಸ್ವಯಂಚಾಲಿತ ಪರೀಕ್ಷೆ ಕೆಂಪು: ಐಡಿ ಕಡತದ ಹೆಸರಿಗೆ ಹೊಂದುತ್ತಿಲ್ಲ, ಅದೇ ಐಡಿ ಇನ್ನೊಂದು ಶೈಲಿಗೂ ಇದೆ ಎಂದು.

ಇದರ ಜೊತೆಗೆ ಇನ್ನಷ್ಟು ಗೊಂದಲ. ಪತ್ರಿಕೆಯ ಲೇಖಕರ ಕೈಪಿಡಿ ‘ಎಪಿಎ ಅನುಸರಿಸಿ’ ಎನ್ನುತ್ತದೆ, ಆದರೆ ಕೆಳಗೆ ಕೊಟ್ಟ ಮಾದರಿಯಲ್ಲಿ ಇಸವಿಗೆ ಆವರಣವಿಲ್ಲ, ಮೂರಕ್ಕಿಂತ ಹೆಚ್ಚು ಲೇಖಕರಿದ್ದರೆ ಗ್ರಂಥಸೂಚಿಯಲ್ಲೇ ಮೊದಲ ಹೆಸರಿನ ನಂತರ ‘ಎಟ್ ಆಲ್’ (‘ಮತ್ತು ಇತರರು’). ಹಾಗಾದರೆ ಇದು ಸ್ವತಂತ್ರ ಶೈಲಿಯೇ, ಅವಲಂಬಿತವೇ? ‘ಎಟ್-ಆಲ್-ಮಿನ್’ಗೆ 3 ಕೊಟ್ಟರೆ ಮೂವರಿದ್ದಾಗಲೇ ಕತ್ತರಿಸುತ್ತದೆ. ಸಂಚಿಕೆ ಸಂಖ್ಯೆ ಇಲ್ಲದ ಲೇಖನದಲ್ಲಿ ‘12()’ ಅಂತ ಖಾಲಿ ಆವರಣ ಉಳಿಯುತ್ತದೆ, ಸಂಪುಟವೂ ಇಲ್ಲದಿದ್ದರೆ ಎರಡು ಅಲ್ಪವಿರಾಮ ಅಕ್ಕಪಕ್ಕ. ಪಠ್ಯದೊಳಗಿನ ಉಲ್ಲೇಖದಲ್ಲಿ ಕೆಲವು ಲೇಖಕರಿಗೆ ಮಾತ್ರ ಇನಿಶಿಯಲ್ ಕಾಣಿಸುತ್ತಿದೆ, ಉಳಿದವರಿಗೆ ಇಲ್ಲ. ಯಾವುದು ಶೈಲಿಯ ದೋಷ, ಯಾವುದು ಅಲ್ಲ?

---

ಅಲ್ಪವಿರಾಮ:

ಮೊದಲು ಸ್ವತಂತ್ರ–ಅವಲಂಬಿತ ಪ್ರಶ್ನೆ ಬಗೆಹರಿಸಿಕೊಳ್ಳಿ. ಅವಲಂಬಿತ ಅಂತಾದರೆ ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ.

ಅವಲಂಬಿತ ಶೈಲಿ ಎಂದರೆ ಬರೀ ‘ಇನ್ಫೋ’ ಭಾಗ. ಪತ್ರಿಕೆಯ ಹೆಸರು, ಐಡಿ, ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ), ಜೊತೆಗೆ ‘ಇಂಡಿಪೆಂಡೆಂಟ್-ಪೇರೆಂಟ್’ ಎಂಬ ಕೊಂಡಿ. ಅದರಲ್ಲಿ ಮ್ಯಾಕ್ರೋ (ಹೆಸರಿಟ್ಟು ಮತ್ತೆಮತ್ತೆ ಕರೆಯುವ ತುಣುಕು) ಇಲ್ಲ, ‘ಸೈಟೇಶನ್’ ಇಲ್ಲ, ‘ಬಿಬ್ಲಿಯಾಗ್ರಫಿ’ ಇಲ್ಲ. ರೂಪವೆಲ್ಲ ಮೂಲ ಶೈಲಿಯಿಂದ ಬರುತ್ತದೆ. ಕಡತ ‘ಡಿಪೆಂಡೆಂಟ್’ ಎಂಬ ಉಪಕೋಶಕ್ಕೆ ಹೋಗಬೇಕು. ಮೂಲವಾಗಿ ತೋರಿಸುವ ಶೈಲಿ ಸ್ವತಂತ್ರದ್ದೇ ಆಗಿರಬೇಕು. ಅವಲಂಬಿತದ ಮೇಲೆ ಇನ್ನೊಂದು ಅವಲಂಬಿತವನ್ನು ಪೇರಿಸುವ ಹಾಗಿಲ್ಲ. ‘ಸೈಟೇಶನ್-ಫಾರ್ಮ್ಯಾಟ್’ (ಆಥರ್-ಡೇಟ್, ನ್ಯೂಮರಿಕ್, ನೋಟ್ ಇತ್ಯಾದಿ) ಮೂಲದಲ್ಲಿ ಏನಿದೆಯೋ ಅದೇ ಇರಬೇಕು. ಭಂಡಾರದಲ್ಲಿರುವ ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಲ್ಲಿ ಬಹುಪಾಲು ಹೀಗೆ ಅವಲಂಬಿತವೇ. ಅಲ್ಪವಿರಾಮದ ವ್ಯತ್ಯಾಸಕ್ಕೆಲ್ಲ ಒಂದೊಂದು ಪೂರ್ಣ ಕಡತ ಮಾಡಿದರೆ ಮುಂದೆ ಅದನ್ನು ನೋಡಿಕೊಳ್ಳುವವರು ಯಾರು?

ಕೈಪಿಡಿಯೂ ಮಾದರಿಯೂ ಜಗಳವಾಡುತ್ತಿದ್ದರೆ ಎರಡನ್ನೂ ನಂಬಬೇಡಿ. ಆ ಪತ್ರಿಕೆಯ ಇತ್ತೀಚಿನ ಸಂಚಿಕೆಯಲ್ಲಿ ಅಚ್ಚಾದ ನಾಲ್ಕೈದು ಲೇಖನಗಳ ಗ್ರಂಥಸೂಚಿ ತೆರೆದು ನೋಡಿ. ಅಚ್ಚಿನಲ್ಲಿ ಎಪಿಎ ಇದ್ದರೆ ಮಾದರಿ ಹಳೆಯದು ಎಂದರ್ಥ, ಅವಲಂಬಿತ ಸಾಕು. ಅಚ್ಚಿನಲ್ಲೂ ಇಸವಿಗೆ ಆವರಣ ಇಲ್ಲದಿದ್ದರೆ ಸ್ವತಂತ್ರ ಶೈಲಿ ಬೇಕು. ನೋಡಿದ ಲೇಖನಗಳ ಕೊಂಡಿಗಳನ್ನು ಪುಲ್ ರಿಕ್ವೆಸ್ಟಿನ ವಿವರಣೆಯಲ್ಲಿ ಹಾಕಿ, ಪರಿಶೀಲಿಸುವವರ ಅರ್ಧ ಕೆಲಸ ಮುಗಿದಂತೆ.

ಎಪಿಎ ವಿಷಯದಲ್ಲಿ ಇನ್ನೊಂದು ಬಲೆ ಇದೆ. ‘ಎಪಿಎ’ ಎಂಬ ಐಡಿ ಸದಾ ಚಾಲ್ತಿಯ ಆವೃತ್ತಿಯದು. 2019ರ 7ನೇ ಆವೃತ್ತಿ ಬಂದ ಮೇಲೆ ಆ ಐಡಿ ಅದಕ್ಕೇ ಸೇರಿತು, 6ನೆಯದಕ್ಕೆ ಬೇರೆಯೇ ಕಡತ ಇದೆ. ಪತ್ರಿಕೆ ಇನ್ನೂ 6ನೇ ಆವೃತ್ತಿಯಲ್ಲೇ ಇದ್ದರೆ ಮೂಲವಾಗಿ ಅದನ್ನೇ ತೋರಿಸಿ.

---

ಕೋನಾವರಣ:

ಪರೀಕ್ಷೆ ಕೆಂಪಾಗಿದ್ದಕ್ಕೆ ಕಾರಣ ಸರಳ. ಎಪಿಎ ಕಡತವನ್ನು ತೆರೆದು ತಿದ್ದಿದರೂ ಒಳಗಿನ ಐಡಿ ಎಪಿಎಯದ್ದೇ ಉಳಿದಿದೆ. ಅದು ಭಂಡಾರಕ್ಕಷ್ಟೇ ಅಲ್ಲ, ನಿಮ್ಮ ಜೊಟೆರೊಗೂ ತೊಂದರೆ: ಐಡಿ ಒಂದೇ ಆದ್ದರಿಂದ ನಿಮ್ಮ ಕಡತ ಅಸಲಿ ಎಪಿಎಯ ಜಾಗದಲ್ಲಿ ಕೂತಿರುತ್ತದೆ, ಮುಂದಿನ ಸ್ವಯಂ ಅಪ್‌ಡೇಟಿನಲ್ಲಿ ಅಸಲಿ ಕಡತ ಬಂದು ನಿಮ್ಮ ತಿದ್ದುಪಡಿಯನ್ನೆಲ್ಲ ಅಳಿಸುತ್ತದೆ.

‘ಇನ್ಫೋ’ ಭಾಗವನ್ನು ಮೇಲಿನಿಂದ ಕೆಳಗೆ ಹೀಗೆ ಸರಿಮಾಡಿ:

ಶೀರ್ಷಿಕೆ: ಪತ್ರಿಕೆಯ ಪೂರ್ತಿ ಹೆಸರು, ಸಂಕ್ಷೇಪವಲ್ಲ.

ಕಡತದ ಹೆಸರು: ಅದೇ ಶೀರ್ಷಿಕೆ, ಎಲ್ಲ ರೋಮನ್ ಸಣ್ಣಕ್ಷರ, ಪದಗಳ ನಡುವೆ ಹೈಫನ್, ‘ಆಂಡ್’ ಚಿಹ್ನೆಯ ಬದಲು ಆ ಪದ, ಉಚ್ಚಾರಣಾ ಗುರುತುಳ್ಳ ಅಕ್ಷರಗಳ ಬದಲು ಸಾದಾ ಅಕ್ಷರ.

ಐಡಿ: ಡಬ್ಲ್ಯುಡಬ್ಲ್ಯುಡಬ್ಲ್ಯು ಡಾಟ್ ಜೊಟೆರೊ ಡಾಟ್ ಆರ್ಗ್, ಸ್ಲ್ಯಾಶ್, ಸ್ಟೈಲ್ಸ್, ಸ್ಲ್ಯಾಶ್, ವಿಸ್ತರಣೆ ಬಿಟ್ಟ ಕಡತದ ಹೆಸರು. ಮುಂದೆ ಎಚ್‌ಟಿಟಿಪಿ ಮಾತ್ರ. ಆ ಎಚ್‌ಟಿಟಿಪಿಯ ಕೊನೆಗೆ ‘ಎಸ್’ ಸೇರಿಸಬೇಡಿ. ನೋಡಲು ವಿಳಾಸದ ಹಾಗಿದ್ದರೂ ಅದು ಗುರುತಿನ ಚೀಟಿ.

ಕೊಂಡಿಗಳು: ‘ಸೆಲ್ಫ್’ ಐಡಿಯ ತದ್ರೂಪು. ‘ಟೆಂಪ್ಲೇಟ್’ ನೀವು ಯಾವ ಶೈಲಿಯಿಂದ ಶುರುಮಾಡಿದಿರೋ ಅದರ ಐಡಿ. ‘ಡಾಕ್ಯುಮೆಂಟೇಶನ್’ ಪತ್ರಿಕೆಯ ಲೇಖಕರ ಕೈಪಿಡಿಯ ಪುಟ. ಮುಖಪುಟದ ಕೊಂಡಿ ಕೊಟ್ಟರೆ ಪರಿಶೀಲಿಸುವವರು ಮತ್ತೆ ಹುಡುಕಬೇಕು.

ಕರ್ತೃ: ಸ್ವತಂತ್ರ ಶೈಲಿಗೆ ನಿಮ್ಮ ಹೆಸರು ‘ಆಥರ್’. ಇರುವ ಶೈಲಿಯನ್ನು ತಿದ್ದುವಾಗ ‘ಕಾಂಟ್ರಿಬ್ಯೂಟರ್’. ಇಮೇಲ್ ಕಡ್ಡಾಯವಲ್ಲ, ಹಾಕಿದರೆ ಜಗತ್ತಿಗೆಲ್ಲ ಕಾಣುತ್ತದೆ.

ವರ್ಗ: ‘ಸೈಟೇಶನ್-ಫಾರ್ಮ್ಯಾಟ್’ ಒಂದು, ‘ಫೀಲ್ಡ್’ ಒಂದು. ‘ಫೀಲ್ಡ್’ಗೆ ನಿಗದಿತ ಪಟ್ಟಿ ಇದೆ, ಸ್ವಂತ ಪದ ನಡೆಯದು. ನಿಮ್ಮದಕ್ಕೆ ‘ಸೋಶಿಯಲ್_ಸೈನ್ಸ್’, ನಡುವೆ ಅಂಡರ್‌ಸ್ಕೋರ್, ಹೈಫನ್ ಅಲ್ಲ.

ಐಎಸ್‌ಎಸ್‌ಎನ್: ಮುದ್ರಿತಕ್ಕೆ ‘ಐಎಸ್‌ಎಸ್‌ಎನ್’, ಆನ್‌ಲೈನಿಗೆ ‘ಇಐಎಸ್‌ಎಸ್‌ಎನ್’. ಎಪಿಎಯಿಂದ ಉಳಿದುಬಂದ ಮಾಹಿತಿ ಏನಾದರೂ ಇದ್ದರೆ ಕಿತ್ತುಹಾಕಿ.

ಪರವಾನಗಿ: ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಶನ್-ಶೇರ್‌ಅಲೈಕ್ 3.0. ಬೇರೆ ಶೈಲಿಯಿಂದ ಆ ಸಾಲನ್ನು ಹಾಗೇ ನಕಲು ಮಾಡಿ. ‘4.0 ಹೊಸದಲ್ಲವೇ’ ಎಂದು ಬದಲಿಸಲು ಹೋಗಬೇಡಿ.

ಇಷ್ಟಾದ ಮೇಲೆ ಸಿಎಸ್‌ಎಲ್ ಯೋಜನೆಯ ಆನ್‌ಲೈನ್ ವ್ಯಾಲಿಡೇಟರಿಗೆ ಕಡತ ಕೊಡಿ. ಸ್ಕೀಮಾ (ಕಡತದ ರಚನೆಯ ನಿಯಮಗಳು) ತಪ್ಪಿದ್ದರೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಆದರೆ ಐಡಿಗೂ ಕಡತದ ಹೆಸರಿಗೂ ಹೊಂದಾಣಿಕೆ ಇದೆಯೇ, ಮೂಲ ಶೈಲಿ ನಿಜಕ್ಕೂ ಭಂಡಾರದಲ್ಲಿದೆಯೇ ಎಂಬುದೆಲ್ಲ ಸ್ಕೀಮಾಗೆ ಗೊತ್ತಾಗುವುದಿಲ್ಲ. ಅದನ್ನು ನೋಡುವುದು ಭಂಡಾರದ ಪರೀಕ್ಷೆಗಳು. ರೂಬಿ ಇದ್ದರೆ ಭಂಡಾರವನ್ನು ಇಳಿಸಿಕೊಂಡು ‘ಬಂಡಲ್ ಇನ್‌ಸ್ಟಾಲ್’, ಆಮೇಲೆ ‘ಬಂಡಲ್ ಎಕ್ಸಿಕ್ ರೇಕ್’ ಎಂದು ಅವನ್ನು ನಿಮ್ಮಲ್ಲೇ ಓಡಿಸಬಹುದು. ಒಂದೇ ಶೈಲಿಗೆ ಅಷ್ಟು ತಾಪತ್ರಯ ಬೇಡ, ಗಿಟ್‌ಹಬ್‌ನ ಪರೀಕ್ಷೆಯೇ ಸಾಕು.

ಕೆಂಪು ಬಂತೆಂದು ಪುಲ್ ರಿಕ್ವೆಸ್ಟನ್ನು ಮುಚ್ಚಿ ಇನ್ನೊಂದು ತೆರೆಯಬೇಡಿ. ನಿಮ್ಮ ಫೋರ್ಕಿನ (ಭಂಡಾರದ ನಿಮ್ಮ ನಕಲಿನ) ಅದೇ ಬ್ರ್ಯಾಂಚಿನಲ್ಲಿ ಕಡತ ತಿದ್ದಿ ಕಮಿಟ್ ಮಾಡಿದರೆ ಪುಲ್ ರಿಕ್ವೆಸ್ಟ್ ತಾನೇ ಹೊಸದಾಗುತ್ತದೆ, ಪರೀಕ್ಷೆಯೂ ಮತ್ತೆ ಓಡುತ್ತದೆ. ನಾಲ್ಕು ಸಲ ಮುಚ್ಚಿ ತೆರೆದರೆ ಪರಿಶೀಲನೆಯ ಮಾತುಕತೆ ನಾಲ್ಕು ಕಡೆ ಚೆದುರಿಹೋಗುತ್ತದೆ.

---

ಸಂಪುಟ_ಸಂಚಿಕೆ:

ರೂಪದ ದೋಷಗಳ ಬಗ್ಗೆ.

‘ಎಟ್-ಆಲ್-ಮಿನ್’ ಎಂದರೆ ‘ಇಷ್ಟು ಅಥವಾ ಇದಕ್ಕಿಂತ ಹೆಚ್ಚು’. ಕೈಪಿಡಿ ‘ಮೂರಕ್ಕಿಂತ ಹೆಚ್ಚು’ ಎಂದರೆ ಕೊಡಬೇಕಾದ್ದು 4. ‘ಎಟ್-ಆಲ್-ಯೂಸ್-ಫಸ್ಟ್’ 1. ಇವನ್ನು ಪಠ್ಯದ ಉಲ್ಲೇಖಕ್ಕೂ ಗ್ರಂಥಸೂಚಿಗೂ ಬೇರೆಬೇರೆಯಾಗಿ ಕೊಡಬಹುದು. ಎಪಿಎಯಲ್ಲೇ ನೋಡಿ: ಪಠ್ಯದಲ್ಲಿ 3 ಮತ್ತು 1; ಗ್ರಂಥಸೂಚಿಯಲ್ಲಿ 21 ಮತ್ತು 19, ಕೊನೆಯ ಹೆಸರನ್ನು ತೋರಿಸಲು ‘ಎಟ್-ಆಲ್-ಯೂಸ್-ಲಾಸ್ಟ್’. ಮಿನ್ ಬದಲಿಸಿ ಈ ಕೊನೆಯದನ್ನು ತೆಗೆಯಲು ಮರೆತರೆ ‘ಎಟ್ ಆಲ್’ ಬದಲು ಮೂರು ಚುಕ್ಕಿಯೂ ಕೊನೆಯ ಲೇಖಕರ ಹೆಸರೂ ಬರುತ್ತವೆ.

ಖಾಲಿ ಆವರಣ ಬರುವುದು ‘(’ ಮತ್ತು ‘)’ ಎರಡನ್ನೂ ಬಿಡಿ ಪಠ್ಯವಾಗಿ ಸೇರಿಸಿದಾಗ. ವಿಷುವಲ್ ಎಡಿಟರಿನಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಮಾಡುವುದು ಇದನ್ನೇ. ಆವರಣವನ್ನು ‘ಇಶ್ಯೂ’ ವೇರಿಯಬಲ್‌ನ ಪ್ರಿಫಿಕ್ಸ್–ಸಫಿಕ್ಸ್ ಆಗಿ ಕೊಡಿ. ಸಂಚಿಕೆ ಸಂಖ್ಯೆ ಇಲ್ಲದಿದ್ದರೆ ಆವರಣವೂ ಮಾಯ. ಎರಡು ಅಲ್ಪವಿರಾಮದ ಕಥೆ ಬೇರೆ: ಪತ್ರಿಕೆಯ ಹೆಸರಿಗೆ ಸಫಿಕ್ಸಾಗಿ ಒಂದು, ಪುಟಸಂಖ್ಯೆಗೆ ಪ್ರಿಫಿಕ್ಸಾಗಿ ಇನ್ನೊಂದು, ನಡುವಿನದು ಇಲ್ಲದಾದಾಗ ಎರಡೂ ಮುಖಾಮುಖಿ. ಇದಕ್ಕೆ ಮದ್ದು ‘ಗ್ರೂಪ್’.

ಹೊರಗಿನ ಗ್ರೂಪಿಗೆ ಡಿಲಿಮಿಟರ್ (ನಡುವೆ ಬೀಳುವ ಚಿಹ್ನೆ) ಅಲ್ಪವಿರಾಮ ಮತ್ತು ಒಂದು ಸ್ಪೇಸ್. ಅದರೊಳಗೆ ಮೂರು ಮಕ್ಕಳು: ಮೊದಲು ಇಟಾಲಿಕ್ಸಿನಲ್ಲಿ ‘ಕಂಟೇನರ್-ಟೈಟಲ್’, ಆಮೇಲೆ ಡಿಲಿಮಿಟರ್ ಇಲ್ಲದ ಒಳಗ್ರೂಪ್, ಅದರಲ್ಲಿ ‘ವಾಲ್ಯೂಮ್’ ಮತ್ತು ಆವರಣ ತೊಟ್ಟ ‘ಇಶ್ಯೂ’, ಕೊನೆಗೆ ‘ಪೇಜ್’. ಈ ಮೂರರಲ್ಲಿ ಯಾವುದು ಖಾಲಿಯಾದರೂ ಡಿಲಿಮಿಟರ್ ಇರುವವುಗಳ ನಡುವೆ ಮಾತ್ರ ಬೀಳುತ್ತದೆ. ಗ್ರೂಪಿಗೆ ಇನ್ನೊಂದು ಗುಣ ಇದೆ. ಒಳಗೆ ಕರೆದ ವೇರಿಯಬಲ್‌ಗಳೆಲ್ಲ ಖಾಲಿಯಾದರೆ ಜೊತೆಗಿರುವ ಸ್ಥಿರ ಪಠ್ಯವೂ ಬರುವುದಿಲ್ಲ. ‘ನೋಡಿದ ದಿನಾಂಕ’ ಎಂಬ ಅರ್ಥದ ‘ಆಕ್ಸೆಸ್ಡ್’ ಟರ್ಮನ್ನೂ ಆ ದಿನಾಂಕವನ್ನೂ ಒಂದೇ ಗ್ರೂಪಿನಲ್ಲಿಟ್ಟರೆ ದಿನಾಂಕ ಇಲ್ಲದ ಕಡೆ ಪದ ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕಾಗಿ ‘ಇಫ್’ ಬರೆಯಬೇಕಾಗಿಯೂ ಇಲ್ಲ.

‘ನನ್ನಲ್ಲಿ ಎರಡು ಚುಕ್ಕಿ ಬರಲಿಲ್ಲವಲ್ಲ’ ಎಂದು ಸಫಿಕ್ಸುಗಳನ್ನು ಹಾಗೇ ಬಿಡಬೇಡಿ. ಶೈಲಿಯನ್ನು ಓದಿ ಉಲ್ಲೇಖ ರೂಪಿಸುವ ಎಂಜಿನ್ ಜೊಟೆರೊದಲ್ಲಿ ಸೈಟ್‌ಪ್ರಾಕ್-ಜೆಎಸ್, ಕಡತಗಳನ್ನು ಪರಿವರ್ತಿಸುವ ಪ್ಯಾಂಡಾಕ್‌ನಲ್ಲಿ ಬೇರೆ. ಜೋಡಿ ಚಿಹ್ನೆಗಳನ್ನು ನುಂಗುವುದರಲ್ಲಿ ಎಲ್ಲವೂ ಒಂದೇ ರೀತಿ ಅಲ್ಲ.

ಕೆಲವರಿಗೆ ಮಾತ್ರ ಇನಿಶಿಯಲ್ ಬರುವುದು ಶೈಲಿಯ ದೋಷ ಅಲ್ಲ, ನಿಮ್ಮ ಲೈಬ್ರರಿಯ ದೋಷ. ‘ಡಿಸ್‌ಆಂಬಿಗ್ಯುಯೇಟ್-ಆಡ್-ಗಿವನ್‌ನೇಮ್’ ಚಾಲೂ ಇದ್ದಾಗ ಒಂದೇ ಕುಲನಾಮದ ಇಬ್ಬರು ಬೇರೆಬೇರೆ ಲೇಖಕರನ್ನು ಗುರುತಿಸಲು ಇನಿಶಿಯಲ್ ಸೇರುತ್ತದೆ. ಒಬ್ಬರೇ ಲೇಖಕರು ಒಂದು ದಾಖಲೆಯಲ್ಲಿ ಪೂರ್ತಿ ಹೆಸರಿನಿಂದ, ಇನ್ನೊಂದರಲ್ಲಿ ಇನಿಶಿಯಲ್‌ನಿಂದ ಇದ್ದರೆ ತಂತ್ರಾಂಶದ ಪಾಲಿಗೆ ಅವರು ಇಬ್ಬರು. ದಾಖಲೆಗಳಲ್ಲಿ ಹೆಸರು ಒಂದೇ ಮಾಡಿ. ಶೈಲಿಯಿಂದ ಆ ಗುಣವನ್ನೇ ಕಿತ್ತರೆ, ನಿಜಕ್ಕೂ ಇಬ್ಬರಿದ್ದಾಗ ಓದುಗರಿಗೆ ಗೊಂದಲ. ಎಪಿಎ ಅದನ್ನು ಕೇಳುತ್ತದೆ. ನಿಮ್ಮ ಪತ್ರಿಕೆ ಬೇಡ ಅಂತ ಸ್ಪಷ್ಟವಾಗಿ ಹೇಳಿದರೆ ಮಾತ್ರ ತೆಗೆಯಿರಿ.

---

ಪುಟದಂಚು:

ಅಚ್ಚಾದ ಲೇಖನಗಳಲ್ಲೂ ಇಸವಿಗೆ ಆವರಣ ಇಲ್ಲ, ಹಾಗಾಗಿ ಸ್ವತಂತ್ರವೇ. ಐಡಿ, ಎಟ್ ಆಲ್, ಗ್ರೂಪ್ ಸರಿಯಾದವು. ಎರಡು ಉಳಿದಿವೆ. ಲೇಖನದ ಶೀರ್ಷಿಕೆಯಲ್ಲಿ ಮೊದಲ ಅಕ್ಷರ ಮಾತ್ರ ದೊಡ್ಡದು ಬೇಕು. ‘ಟೆಕ್ಸ್ಟ್-ಕೇಸ್’ಗೆ ‘ಸೆಂಟೆನ್ಸ್’ ಕೊಟ್ಟರೆ ಆಯಿತೇ? ಕಳಿಸುವ ಮುನ್ನ ಯಾವ ಯಾವ ದಾಖಲೆಗಳಿಂದ ಪರೀಕ್ಷಿಸಬೇಕು?

---

ಅಲ್ಪವಿರಾಮ:

‘ಸೆಂಟೆನ್ಸ್’ ಬೇಡ. ಅಂಕಿತನಾಮ ಯಾವುದು, ಸಾಮಾನ್ಯ ಪದ ಯಾವುದು ಅಂತ ಅದಕ್ಕೆ ತಿಳಿಯದು. ದೇಶದ ಹೆಸರನ್ನೂ ಸಣ್ಣಕ್ಷರಕ್ಕೆ ಇಳಿಸುತ್ತದೆ. ಲೈಬ್ರರಿಯಲ್ಲೇ ಶೀರ್ಷಿಕೆಗಳನ್ನು ಸೆಂಟೆನ್ಸ್ ಕೇಸಿನಲ್ಲಿ ಇಟ್ಟುಕೊಳ್ಳುವುದು, ಎಲ್ಲ ಪದಕ್ಕೂ ದೊಡ್ಡಕ್ಷರ ಕೇಳುವ ಶೈಲಿಗಳು ಮಾತ್ರ ‘ಟೈಟಲ್’ ಬಳಸುವುದು, ಇದು ವಾಡಿಕೆ. ಆ ‘ಟೈಟಲ್’ ಕೂಡ ಇಂಗ್ಲಿಷ್ ದಾಖಲೆಗಳಿಗೆ ಮಾತ್ರ ಅನ್ವಯ. ಭಾಷೆಯ ಕ್ಷೇತ್ರದಲ್ಲಿ ಫ್ರೆಂಚ್ ಅಂತಿದ್ದರೆ ಮುಟ್ಟುವುದಿಲ್ಲ. ನಿಮ್ಮ ಶೈಲಿಯಲ್ಲಿ ಲೇಖನದ ಶೀರ್ಷಿಕೆಗೆ ‘ಟೆಕ್ಸ್ಟ್-ಕೇಸ್’ ಏನೂ ಇರದಿದ್ದರೆ ಸರಿ.

ಇನ್ನೊಂದು ಅಭಿಪ್ರಾಯ, ಬೇಕಾದರೆ ತಗೊಳ್ಳಿ. ಎಪಿಎ ಕಡತ ಸಾವಿರಕ್ಕೂ ಹೆಚ್ಚು ಸಾಲಿನದು; ಕಾನೂನು, ಸಂದರ್ಶನ, ವಿಮರ್ಶೆ ಎಲ್ಲದಕ್ಕೂ ಅದರಲ್ಲಿ ಮ್ಯಾಕ್ರೋ ಇದೆ. ಪತ್ರಿಕೆಗೆ ಬೇಕಾದ್ದು ಅದರಲ್ಲಿ ಕಾಲು ಭಾಗ ಇರಬಹುದು. ಆಥರ್-ಡೇಟ್ ಗುಂಪಿನ ಚಿಕ್ಕ ಶೈಲಿಯೊಂದನ್ನು ಟೆಂಪ್ಲೇಟ್ ಮಾಡಿಕೊಂಡಿದ್ದರೆ ಪರಿಶೀಲನೆ ಬೇಗ ಮುಗಿಯುತ್ತಿತ್ತು. ವಿಷುವಲ್ ಎಡಿಟರಿನಲ್ಲಿ ‘ಸರ್ಚ್ ಬೈ ಎಕ್ಸಾಂಪಲ್’ ಇದೆಯಲ್ಲ, ಪತ್ರಿಕೆಯ ಮಾದರಿ ಉಲ್ಲೇಖವನ್ನು ಅಲ್ಲಿ ಟೈಪ್ ಮಾಡಿದರೆ ಹತ್ತಿರದ ಶೈಲಿಗಳನ್ನು ತೋರಿಸುತ್ತದೆ. ಎಪಿಎಯಲ್ಲೇ ಮುಂದುವರಿಯುವುದಾದರೆ ಯಾರೂ ಕರೆಯದ ಮ್ಯಾಕ್ರೋಗಳನ್ನಾದರೂ ತೆಗೆದುಹಾಕಿ.

---

ಸಂಪುಟ_ಸಂಚಿಕೆ:

ಅಲ್ಪವಿರಾಮ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಕಾಲು ಭಾಗ ಸಾಕು ಎಂದು ಕತ್ತರಿಸಿದವರ ಶೈಲಿಗಳಲ್ಲೇ ಜಾಲತಾಣವನ್ನೋ ಪ್ರಬಂಧವನ್ನೋ ಉಲ್ಲೇಖಿಸಿದಾಗ ಶೀರ್ಷಿಕೆ ಮತ್ತು ಇಸವಿ ಬಿಟ್ಟು ಏನೂ ಬರುವುದಿಲ್ಲ. ಚಿಕ್ಕದಿರಲಿ, ಆದರೆ ಪ್ರತಿ ‘ಚೂಸ್’ಗೂ (ಷರತ್ತುಗಳ ಗುಂಪಿಗೂ) ಕೊನೆಯಲ್ಲಿ ಏನನ್ನಾದರೂ ಮುದ್ರಿಸುವ ‘ಎಲ್ಸ್’ ಇರಲಿ.

ಪರೀಕ್ಷೆಗೆ ಜೊಟೆರೊ ಸೆಟ್ಟಿಂಗ್ಸ್‌ನ ‘ಸೈಟ್’ ಭಾಗದಲ್ಲಿ ಸ್ಟೈಲ್ ಎಡಿಟರ್ ತೆರೆಯಿರಿ. ಲೈಬ್ರರಿಯಲ್ಲಿ ದಾಖಲೆಗಳನ್ನು ಆಯ್ದಿಟ್ಟರೆ ಮೇಲೆ ಎಕ್ಸ್‌ಎಂಎಲ್, ಕೆಳಗೆ ಫಲಿತ. ಒಂದು, ಎರಡು, ಮೂರು, ನಾಲ್ಕು ಲೇಖಕರ ಲೇಖನ ಒಂದೊಂದು. ಎರಡು ಹೆಸರಿದ್ದಾಗ ‘ಆಂಡ್’ ಪದಕ್ಕೆ ಮೊದಲು ಅಲ್ಪವಿರಾಮ ಬರುವುದೋ ಬಾರದೋ ಎಂಬುದು ‘ಡಿಲಿಮಿಟರ್-ಪ್ರಿಸೀಡ್ಸ್-ಲಾಸ್ಟ್’ ಮೇಲೆ ನಿಂತಿದೆ, ಏನೂ ಕೊಡದಿದ್ದರೆ ಮೂರು ಮತ್ತು ಹೆಚ್ಚು ಹೆಸರಿದ್ದಾಗ ಮಾತ್ರ ಬರುತ್ತದೆ. ಒಬ್ಬರದೇ ಒಂದೇ ಇಸವಿಯ ಎರಡು ಕೃತಿ: ಇಸವಿಯ ಪಕ್ಕ ಎ, ಬಿ ಬರಬೇಕು. ಇಸವಿಯೇ ಇಲ್ಲದ್ದು ಒಂದು. ಮ್ಯಾಕ್ರೋ ಕತ್ತರಿಸುವಾಗ ‘ನೋ ಡೇಟ್’ ಟರ್ಮ್ ಹೋಗಿದ್ದರೆ ಹೆಸರಿನ ನಂತರ ಅಲ್ಪವಿರಾಮ ನೇತಾಡುತ್ತದೆ. ಸಂಸ್ಥೆ ಲೇಖಕನಾಗಿರುವುದು ಒಂದು. ಜೊಟೆರೊದಲ್ಲಿ ಅದು ಒಂದೇ ಕ್ಷೇತ್ರದ ಹೆಸರಾಗಿರಬೇಕು, ಇಲ್ಲವಾದರೆ ಸಂಸ್ಥೆಯ ಹೆಸರೂ ತಲೆಕೆಳಗಾಗುತ್ತದೆ.

ಸಂಪಾದಿತ ಗ್ರಂಥದ ಅಧ್ಯಾಯ, ಲೇಖಕರಿಲ್ಲದ ಸಂಪಾದಿತ ಗ್ರಂಥ, ಎರಡೂ ಬೇಕು. ಎರಡನೆಯದರಲ್ಲಿ ‘ಸಬ್‌ಸ್ಟಿಟ್ಯೂಟ್’ ಮೂಲಕ ಸಂಪಾದಕರು ಲೇಖಕರ ಜಾಗಕ್ಕೆ ಬರುತ್ತಾರೆ, ಆಮೇಲೆ ಅದೇ ಉಲ್ಲೇಖದಲ್ಲಿ ಮತ್ತೆ ಬರುವುದಿಲ್ಲ. ಅದು ಸಿಎಸ್‌ಎಲ್‌ನ ನಿಯಮ. ಸಂಪಾದಕರು ಎರಡು ಸಲ ಬಂದಾರೆಂದು ನೀವೇ ಷರತ್ತು ಬರೆದು ಅಡಗಿಸಲು ಹೋದರೆ, ಅಧ್ಯಾಯಗಳಲ್ಲಿ ಬರಬೇಕಾದ ಸಂಪಾದಕರೂ ಕಾಣೆಯಾಗುತ್ತಾರೆ.

---

ಕೋನಾವರಣ:

ಪುಲ್ ರಿಕ್ವೆಸ್ಟ್ ಮರ್ಜ್ ಆದ ಮೇಲೆ ಜೊಟೆರೊದಿಂದ ನಿಮ್ಮ ಹಳೆಯ, ಎಪಿಎ ಐಡಿ ಹೊತ್ತ ಕಡತವನ್ನು ತೆಗೆದುಹಾಕಿ, ಎಪಿಎಯನ್ನೂ ಹೊಸ ಶೈಲಿಯನ್ನೂ ಭಂಡಾರದಿಂದಲೇ ಮತ್ತೆ ಹಾಕಿಕೊಳ್ಳಿ. ಹಳೆಯ ಹಸ್ತಪ್ರತಿಗಳು ಎಪಿಎ ಐಡಿಯನ್ನೇ ನೆನಪಿಟ್ಟುಕೊಂಡಿರುತ್ತವೆ. ಅವುಗಳಲ್ಲಿ ಡಾಕ್ಯುಮೆಂಟ್ ಪ್ರಿಫರೆನ್ಸಸ್ ತೆರೆದು ಹೊಸ ಶೈಲಿಯನ್ನು ಒಮ್ಮೆ ಆಯ್ದುಕೊಟ್ಟರೆ ಸಾಕು. ಪತ್ರಿಕೆಯ ಹೆಸರು ಮುಂದೆ ಬದಲಾದರೆ ಕಡತದ ಹೆಸರನ್ನು ಸುಮ್ಮನೆ ಬದಲಿಸಬೇಡಿ. ಭಂಡಾರದಲ್ಲಿ ಮರುನಾಮಕರಣಗಳ ಜೇಸನ್ ಕಡತವಿದೆ. ಹಳೆಯ ಐಡಿಯಿಂದ ಹೊಸದಕ್ಕೆ ಅಲ್ಲಿ ಒಂದು ಸಾಲು ಸೇರಿಸಬೇಕು.