ಬೆಂಗಳೂರಿನಲ್ಲಿ ಓಡಿಸಲು 911 ಕ್ಯಾಬ್ರಿಯೊಲೆ: ಯಾವ ಆಪ್ಷನ್ ಹಾಕಿಸಲಿ, ಯಾವುದು ಬಿಡಲಿ?

ಲೇಥ್_ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಮಷೀನ್ ಶಾಪ್ ಇದೆ. 1996ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲೇಥ್ ಇಟ್ಟುಕೊಂಡು ಶುರು ಮಾಡಿದ್ದು. ಈಗ ನನಗೆ 56. ಮಗಳ ಮದುವೆ ಆಯಿತು, ಶೆಡ್ಡಿನ ಸಾಲ ತೀರಿತು. ಮೇಲಿನ ಟಾಪ್ ತೆಗೆದು ಪೋರ್ಷೆ ಓಡಿಸಬೇಕು ಅನ್ನೋದು ಬಹಳ ವರ್ಷದ ಆಸೆ. ಈ ವರ್ಷ ತಗೊಳ್ಳೋಣ ಅಂತ ನಾನು, ನನ್ನ ಹೆಂಡತಿ ಇಬ್ಬರೂ ಕೂತು ತೀರ್ಮಾನ ಮಾಡಿದ್ದೇವೆ.

ಗಾಡಿ ಯಾವುದು ಅನ್ನೋದರಲ್ಲಿ ಅನುಮಾನ ಇಲ್ಲ, 911 ಕ್ಯಾಬ್ರಿಯೊಲೆ. ಆದರೆ 394 ಪಿಎಸ್‌ನ (ಪಿಎಸ್ ಅಂದರೆ ಎಂಜಿನ್ ಶಕ್ತಿಯ ಅಳತೆ, ಅಶ್ವಶಕ್ತಿಯ ಹಾಗೆ) ಕ್ಯಾರೆರಾ ಸಾಕೋ, 480 ಪಿಎಸ್‌ನ ಕ್ಯಾರೆರಾ ಎಸ್ ಬೇಕೋ ಗೊತ್ತಾಗುತ್ತಿಲ್ಲ. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿರೋದು ಆಪ್ಷನ್ ಪಟ್ಟಿ. ಶೋರೂಮಿನ ಹುಡುಗ ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ಒಂದೊಂದೇ ಟಿಕ್ ಮಾಡುತ್ತಾ ಹೋದ. ಕಾರ್ಬನ್ ಪಟ್ಟಿ, ಬಣ್ಣದ ಸೀಟ್ ಬೆಲ್ಟ್, ಎಸ್ ತಗೊಂಡರೆ ಸೆರಾಮಿಕ್ ಬ್ರೇಕ್. ಒಂದೂವರೆ ಗಂಟೆ ಆದಮೇಲೆ ನೋಡಿದರೆ ಆಪ್ಷನ್‌ಗಳ ಮೊತ್ತವೇ ನಲವತ್ತು ಲಕ್ಷ ದಾಟಿತ್ತು. ನಾನು ಇಟ್ಟುಕೊಂಡಿರೋದು ಇಪ್ಪತ್ತು ಲಕ್ಷ. ಅದರಾಚೆ ಹೋಗುವುದಿಲ್ಲ.

ಇನ್ನೊಂದು ಲೆಕ್ಕ ಮನೆಗೆ ಬಂದು ಹಾಕಿದೆ. ಆಪ್ಷನ್ ಬೆಲೆಯೂ ಇನ್‌ವಾಯ್ಸ್‌ಗೇ ಸೇರುತ್ತದೆ. ನಮ್ಮಲ್ಲಿ 20 ಲಕ್ಷ ಮೇಲಿನ ಗಾಡಿಗೆ ಜೀವಿತಾವಧಿ ತೆರಿಗೆ 18%, ಅದರ ಮೇಲೆ ಸೆಸ್. ಅಂದರೆ ಐದು ಲಕ್ಷದ ಆಪ್ಷನ್‌ಗೆ 90 ಸಾವಿರ ತೆರಿಗೆ, ಸೆಸ್ ಸೇರಿದರೆ ಲಕ್ಷದ ಹತ್ತಿರ. ಇನ್ಶೂರೆನ್ಸ್ ಬೇರೆ. ಹಾಗಾಗಿ ಸುಮ್ನೆ ಟಿಕ್ ಮಾಡೋಕೆ ಮನಸ್ಸು ಬರುತ್ತಿಲ್ಲ.

ನಮ್ಮದು ಮಲ್ಲೇಶ್ವರದ ಹಳೇ ಮನೆ. ಗೇಟಿನ ಬಾಯಲ್ಲೇ ಚರಂಡಿ ಮೇಲಿನ ಚಪ್ಪಡಿ, ಅಲ್ಲಿಂದ ಏರು. ಐವತ್ತು ಹೆಜ್ಜೆಗೆ ಒಂದು ಹಂಪ್. ಹೋದ ಭಾನುವಾರ ಟೇಪು ಹಿಡಿದು ಹೋಗಿ ಅಳೆದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬೀದಿಯದ್ದು 13 ಸೆಂಟಿಮೀಟರ್ ಎತ್ತರ ಇದೆ, ಅಗಲ ಒಂದು ಮೀಟರೂ ಇಲ್ಲ. ಅದು ಹಂಪ್ ಅಲ್ಲ, ಕಟ್ಟೆ.

ಹೆಂಡತಿಗೆ ಸೊಂಟ ನೋವಿದೆ. ಅರ್ಧ ಗಂಟೆ ಒಂದೇ ಕಡೆ ಕೂತರೆ ಕಷ್ಟ. ಅವಳಿಲ್ಲದೆ ಈ ಗಾಡಿಯಲ್ಲಿ ಒಬ್ಬನೇ ಸುತ್ತುವ ಆಸೆ ನನಗಿಲ್ಲ.

ಈ ಊರಲ್ಲೇ ಓಪನ್ ಟಾಪ್ ಗಾಡಿ ಇಟ್ಟುಕೊಂಡಿರುವವರು ಹೇಳಿ. ನಾಲ್ಕು ವರ್ಷ ಕಳೆದಮೇಲೂ "ಇದನ್ನು ಹಾಕಿಸಿದ್ದು ಒಳ್ಳೆಯದಾಯಿತು" ಅನ್ನಿಸಿದ್ದು ಯಾವುದು?

ಮೂಡಲಗಾಳಿ

ಸರ್, ಮೊದಲು ಅಭಿನಂದನೆ. ನಾನು ಸಹಕಾರನಗರದಲ್ಲಿದ್ದೇನೆ. ನನ್ನ ಹತ್ತಿರ 2017ರ 911 ಕ್ಯಾಬ್ರಿಯೊಲೆ ಇದೆ, ನಿಮ್ಮದಕ್ಕಿಂತ ಹಿಂದಿನ ಮಾಡೆಲ್. ಯಾವ ಮುಚ್ಚುಮರೆಯೂ ಇಲ್ಲದೆ ಹೇಳುತ್ತೇನೆ.

ನಾನು ಬಿಟ್ಟು ಈಗಲೂ ಕೈ ಹಿಸುಕಿಕೊಳ್ಳುತ್ತಿರುವುದು ಫ್ರಂಟ್ ಆಕ್ಸಲ್ ಲಿಫ್ಟ್. ಗುಂಡಿ ಒತ್ತಿದರೆ ಐದೇ ಸೆಕೆಂಡಲ್ಲಿ ಮುಂದಿನ ಭಾಗ 40 ಮಿಲಿಮೀಟರ್ ಮೇಲೇಳುತ್ತದೆ. ಆಗ "ನಿಧಾನಕ್ಕೆ ಓಡಿಸಿದರೆ ಆಯಿತು" ಅಂದುಕೊಂಡು ದುಡ್ಡು ಉಳಿಸಿದೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು ಮುಗಿಯುವಲ್ಲಿ ಒಂದು ಕಬ್ಬಿಣದ ಜಾಲರಿ ಇದೆ. ಮೊದಲ ವಾರವೇ ಕರ್ರ್ ಅಂತ ಸದ್ದು. ಇಳಿದು ಬಗ್ಗಿ ನೋಡಿದರೆ ಬಂಪರ್ ಕೆಳತುಟಿಯಲ್ಲಿ ಗೇಣುದ್ದ ಬಿಳಿ ಗೀರು. ಆ ಸದ್ದು ಈಗ ನೆನೆದರೂ ಹಲ್ಲು ಜುಂ ಅನ್ನುತ್ತದೆ. ಎರಡು ಸಲ ಬಣ್ಣ ಮಾಡಿಸಿದೆ, ಆಮೇಲೆ ಬಿಟ್ಟುಬಿಟ್ಟೆ. ಲಿಫ್ಟನ್ನು ಆಮೇಲೆ ಹಾಕಿಸೋಣ ಅಂದರೆ ಆಗುವ ಮಾತಲ್ಲ. ಹೈಡ್ರಾಲಿಕ್ ಪೈಪು, ಪಂಪು ಎಲ್ಲ ಫ್ಯಾಕ್ಟರಿಯಲ್ಲೇ ಕೂರಬೇಕು. ನಿಮ್ಮ ಗೇಟು, ನಿಮ್ಮ ಹಂಪ್ ಕೇಳಿದ ಮೇಲಂತೂ ಇದನ್ನೇ ಮೊದಲು ಟಿಕ್ ಮಾಡಿ.

ಆಮೇಲೆ ಸೀಟು. 14 ವೇ ಸೀಟು, ಅಂದರೆ ಹದಿನಾಲ್ಕು ರೀತಿ ಹೊಂದಿಸಿಕೊಳ್ಳುವ ಸೀಟು ತಗೊಳ್ಳಿ, ಬಿಸಿ ಮತ್ತು ಗಾಳಿ ಎರಡೂ ಇರಲಿ. ಬೆಂಗಳೂರಿಗೆ ಬಿಸಿ ಸೀಟು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಜನವರಿಯಲ್ಲಿ ಬೆಳಿಗ್ಗೆ ಐದೂವರೆಗೆ ಟಾಪ್ ತೆಗೆದು ದೇವನಹಳ್ಳಿ ದಾಟಿ ನಂದಿ ಕಡೆ ಹೋಗಿ ನೋಡಿ. ಬೆಟ್ಟ 1,478 ಮೀಟರ್ ಎತ್ತರ, ಮಂಜು ಮುಖಕ್ಕೇ ಬಡಿಯುತ್ತದೆ. ಬೆನ್ನಿಗೂ ಸೊಂಟಕ್ಕೂ ಆ ಬಿಸಿ ಇದ್ದರೆ ಟಾಪ್ ತೆಗೆದುಕೊಂಡೇ ಹೋಗಬಹುದು. ಇಲ್ಲದಿದ್ದರೆ ಯಲಹಂಕಕ್ಕೇ ಮುಚ್ಚಿಕೊಳ್ಳುತ್ತೀರಿ. ನಿಮ್ಮ ಮನೆಯವರಿಗಂತೂ ಇದು ಬೇಕೇ ಬೇಕು.

ಒಳಗಿನ ಬಣ್ಣದ ಬಗ್ಗೆಯೂ ಒಂದು ಮಾತು. ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕಂಬಕ್ಕೂ ನೆರಳಿರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಟಾಪ್ ತೆಗೆದು ಹತ್ತು ನಿಮಿಷ ನಿಲ್ಲಿಸಿದರೆ ಕಪ್ಪು ಲೆದರ್ ಕಾದ ಕಾವಲಿಯೇ. ನನ್ನದು ಕಪ್ಪು. ಸೀರೆ ಸೆರಗು ಹಾಸಿಕೊಂಡು ಕೂತಿದ್ದೇನೆ. ತಿಳಿ ಬಣ್ಣ ಬೇಗ ಕೊಳೆಯಾಗುತ್ತದೆ, ನಿಜ. ಒರೆಸಿಕೊಳ್ಳಬಹುದು ಅಲ್ವಾ?

ರಬ್ಬರ್_ರಿಮ್

ಮೈಸೂರು ರಸ್ತೆಯಲ್ಲಿ ನನ್ನದು ಟೈರ್, ಅಲೈನ್‌ಮೆಂಟ್ ಅಂಗಡಿ. ಇಪ್ಪತ್ತೆರಡು ವರ್ಷ ಆಯಿತು. ದೊಡ್ಡ ಗಾಡಿಗಳು ಬರುತ್ತವೆ, ಹಾಗಾಗಿ ಟೈರಿನ ಕಡೆಯಿಂದ ಹೇಳುತ್ತೇನೆ.

ಸರ್ ಅಳತೆಯ ಮನುಷ್ಯರು, ಅಳತೆಯಲ್ಲೇ ನೋಡೋಣ. ಕ್ಯಾರೆರಾಗೆ ಮುಂದೆ 235/40 19 ಇಂಚು, ಹಿಂದೆ 295/35 20 ಇಂಚು. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಲ್ಲಿ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ರಿಮ್ಮಿನ ಅಳತೆ. ಅಂದರೆ ಟೈರಿನ ಗೋಡೆ ಮುಂದೆ 94 ಮಿಲಿಮೀಟರ್, ಹಿಂದೆ 103. ಎಸ್‌ಗೆ ಮುಂದೆ 245/35 20, ಹಿಂದೆ 305/30 21. ಗೋಡೆ ಮುಂದೆ 86, ಹಿಂದೆ 91. ಎಂಟು ಹನ್ನೆರಡು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಗುಂಡಿಯ ಅಂಚಿಗೆ ಬಿದ್ದಾಗ ರಿಮ್ ಮತ್ತು ಟಾರಿನ ನಡುವೆ ಇರೋದು ಆ ರಬ್ಬರ್ ಒಂದೇ. ಅದು ಪೂರ್ತಿ ಮಡಚಿಕೊಂಡರೆ ಒಳಗಿನ ದಾರಗಳು ತುಂಡಾಗುತ್ತವೆ. ಎರಡು ದಿನ ಬಿಟ್ಟು ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರ ಉಬ್ಬುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಎಸೆಯಬೇಕು. ಮಳೆಗಾಲ ಮುಗಿದು ಅಕ್ಟೋಬರ್ ನವೆಂಬರ್‌ಗೆ ಇಂಥವು ಸಾಲಾಗಿ ಬರುತ್ತವೆ. ಗುಂಡಿಯಲ್ಲಿ ನೀರು ನಿಂತಿರುತ್ತದೆ, ಆಳ ಗೊತ್ತಾಗುವುದಿಲ್ಲ.

ಇನ್ನೊಂದು, ಈ ಗಾಡಿಯಲ್ಲಿ ಸ್ಟೆಪ್ನಿ ಇರುವುದಿಲ್ಲ. ಒಂದು ಕಂಪ್ರೆಸರ್, ಒಂದು ಡಬ್ಬಿ ಅಂಟು ಅಷ್ಟೆ. ಮೊಳೆ ತೂತಿಗೆ ಅಂಟು ಸಾಕು, ಗೋಡೆ ಸೀಳಿದರೆ ಕೆಲಸಕ್ಕೆ ಬರುವುದಿಲ್ಲ. ಕುಣಿಗಲ್ ಆಚೆ ರಾತ್ರಿ ಹಾಗಾದರೆ ಟೋಯಿಂಗ್ ಗಾಡಿಗೆ ಕಾಯಬೇಕು. ಅದೂ ಫ್ಲ್ಯಾಟ್‌ಬೆಡ್ಡೇ ಬೇಕು ಅಂತ ಕೇಳಿ, ಚಕ್ರ ಎತ್ತಿ ಎಳೆಯಲು ಬಿಡಬೇಡಿ.

ಹಾಗಾಗಿ ನನ್ನ ಮಾತು ಇಷ್ಟೆ: ಕ್ಯಾರೆರಾ ತಗೊಳ್ಳಿ, ಅದರ ಜೊತೆ ಬರುವ ಚಿಕ್ಕ ಚಕ್ರಗಳನ್ನೇ ಇಟ್ಟುಕೊಳ್ಳಿ. ಚಂದಕ್ಕೆ ದೊಡ್ಡದು ಹಾಕಿಸಬೇಡಿ. ಹತ್ತು ಮಿಲಿಮೀಟರ್ ತಗ್ಗಿಸುವ ಸ್ಪೋರ್ಟ್ ಸಸ್ಪೆನ್ಷನ್ ಪಟ್ಟಿಯಲ್ಲಿದ್ದರೆ ಅದನ್ನೂ ಬಿಡಿ. ಸೆರಾಮಿಕ್ ಬ್ರೇಕ್ ಒಳ್ಳೆಯ ವಸ್ತುವೇ. ಎರಕದ ಕಬ್ಬಿಣದ ಡಿಸ್ಕ್‌ಗಿಂತ ಅರ್ಧದಷ್ಟು ಹಗುರ, ರೇಸ್ ಟ್ರ್ಯಾಕಿನಲ್ಲಿ ಮೇಲಿಂದ ಮೇಲೆ ಹಿಡಿದರೂ ಕಾವಿಗೆ ಸೋಲುವುದಿಲ್ಲ. ಆದರೆ ಯಶವಂತಪುರ ಸರ್ಕಲ್ಲಿನಲ್ಲಿ ಅದಕ್ಕೇನು ಕೆಲಸ? ಚಕ್ರ ಬಿಚ್ಚುವಾಗ ಗೊತ್ತಿಲ್ಲದ ಕೈ ರಿಮ್ಮನ್ನು ಡಿಸ್ಕ್‌ಗೆ ತಗುಲಿಸಿದರೆ ಅಂಚು ಸಿಡಿಯುತ್ತದೆ. ಆಮೇಲೆ ಬರುವ ಬಿಲ್ಲು ನೋಡಲಾಗದು.

ಘಾಟಿ_ಗೆಳೆಯ

ಬ್ರೇಕ್ ವಿಷಯ ಪೂರ್ತಿ ಒಪ್ಪುವುದಿಲ್ಲ. ನಾನು ವರ್ಷಕ್ಕೆ ನಾಲ್ಕೈದು ಸಲ ಚಾರ್ಮಾಡಿ, ಆಗುಂಬೆ ಇಳಿಯುತ್ತೇನೆ. ಅಲ್ಲಿ ಬ್ರೇಕ್ ಎಷ್ಟು ಒಳ್ಳೆಯದಿದ್ದರೂ ಕಮ್ಮಿಯೇ. ಸೆರಾಮಿಕ್ ಇದ್ದರೆ ಚಕ್ರದ ಮೇಲೆ ಕಪ್ಪು ಧೂಳೂ ಕೂರುವುದಿಲ್ಲ. ಆದರೆ ಸರ್ ಹೆಂಡತಿ ಜೊತೆ ನಿಧಾನಕ್ಕೆ ಹೋಗುವವರು, ಇಪ್ಪತ್ತು ಲಕ್ಷದ ಗಡಿ ಬೇರೆ ಇದೆ. ಅವರಿಗೆ ಬೇಡ.

ಸ್ಪೋರ್ಟ್ ಎಕ್ಸಾಸ್ಟ್ ಮಾತ್ರ ಬಿಡಬೇಡಿ. ಟಾಪ್ ತೆಗೆದ ಗಾಡಿಯಲ್ಲಿ ಅರ್ಧ ಸುಖ ಕಿವಿಗೆ. ಹಿಂದೆ ಆರು ಸಿಲಿಂಡರ್ ಮಲಗಿಕೊಂಡು ಗುನುಗುತ್ತಿರುತ್ತವೆ, ನಿಮ್ಮ ಕಿವಿಗೂ ಅದಕ್ಕೂ ನಡುವೆ ಏನೂ ಇರುವುದಿಲ್ಲ. ಬೆಳಿಗ್ಗೆ ಐದಕ್ಕೆ ಬೀದಿ ಮಲಗಿರುವಾಗ ಗುಂಡಿ ಒತ್ತಿ ಸದ್ದು ತಗ್ಗಿಸಿ ಹೊರಡಿ, ನೈಸ್ ರಸ್ತೆ ಹತ್ತಿದ ಮೇಲೆ ಬಿಡಿ.

ಲೇಥ್_ಮಲ್ಲೇಶ್ವರ

ಮೂವರಿಗೂ ಮನಸಾರೆ ಧನ್ಯವಾದ. ಈ ವಾರ ಎರಡು ಕೆಲಸ ಮಾಡಿದೆ.

ಶೋರೂಮಿನ ಡೆಮೋ ಗಾಡಿಯ ಮೂತಿಯ ಎತ್ತರ, ಮುಂದಿನ ಚಕ್ರದಿಂದ ಮೂತಿಗೆ ಎಷ್ಟು ದೂರ, ಇವನ್ನು ಅಳೆದುಕೊಂಡು ಬಂದೆ. ಶಾಪಿನಲ್ಲಿ ಪ್ಲೈವುಡ್ಡಿನಲ್ಲಿ ಅದೇ ಆಕಾರ ಕತ್ತರಿಸಿ, ಚಕ್ರದ ಜಾಗದಲ್ಲಿ ಒಂದು ರೋಲರ್ ಕೂರಿಸಿ, ನಮ್ಮ ಗೇಟಿನ ಏರಿನಲ್ಲಿ ತಳ್ಳಿ ನೋಡಿದೆ. ಚಪ್ಪಡಿ ಮುಗಿದು ಏರು ಶುರುವಾಗುವಲ್ಲಿ ಮೂತಿ ತಾಗಿ ನಿಂತಿತು. ರೋಲರ್ ಮತ್ತು ಪ್ಲೈವುಡ್ಡಿನ ನಡುವೆ 40 ಮಿಲಿಮೀಟರ್ ಪ್ಯಾಕಿಂಗ್ ಕೊಟ್ಟು ಮತ್ತೆ ತಳ್ಳಿದೆ. ಎರಡು ಬೆರಳಿನಷ್ಟು ಜಾಗ ಬಿಟ್ಟು ಹತ್ತಿಹೋಯಿತು. ಪಕ್ಕದ ಮನೆಯ ಹುಡುಗ ಪೂರ್ತಿ ಹೊತ್ತು ನಿಂತು ನೋಡಿದ. ಲಿಫ್ಟ್ ಬಗ್ಗೆ ಇನ್ನು ಚರ್ಚೆ ಇಲ್ಲ.

ಆಮೇಲೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಮಾಮೂಲಿ ಸೀಟಿನಲ್ಲಿ ಇಪ್ಪತ್ತು ನಿಮಿಷ, 14 ವೇ ಸೀಟಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿದೆ. ಶೋರೂಮಿನವರಿಗೆ ವಿಚಿತ್ರ ಅನ್ನಿಸಿರಬಹುದು. ಮೊದಲನೆಯದರಲ್ಲಿ ಹನ್ನೆರಡನೇ ನಿಮಿಷಕ್ಕೇ ಅವಳು ಒಂದು ಪಕ್ಕಕ್ಕೆ ವಾಲಿದಳು, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಎರಡನೆಯದರಲ್ಲಿ ಸೊಂಟದ ಹತ್ತಿರ ಉಬ್ಬಿಸುವ ಗುಂಡಿಯನ್ನು ಅವಳೇ ಹುಡುಕಿ ಒತ್ತಿಕೊಂಡಳು. ಇಪ್ಪತ್ತು ನಿಮಿಷ ಆದಮೇಲೂ ಏಳಲಿಲ್ಲ. "ಇದು ಸರಿಯಾಗಿದೆ" ಅಂದಳು.

ಹಾಗಾಗಿ ಕ್ಯಾರೆರಾ, ಎಸ್ ಅಲ್ಲ. ಚಕ್ರ ಜೊತೆಗೆ ಬರುವುದೇ. ಲಿಫ್ಟ್, 14 ವೇ ಸೀಟು ಬಿಸಿ ಮತ್ತು ಗಾಳಿ ಎರಡರ ಜೊತೆ, ಸ್ಪೋರ್ಟ್ ಎಕ್ಸಾಸ್ಟ್, ಸುತ್ತಲೂ ಕಾಣುವ ಕ್ಯಾಮೆರಾ, ರಾತ್ರಿ ಹೆದ್ದಾರಿಗೆ ಎಚ್‌ಡಿ ಮ್ಯಾಟ್ರಿಕ್ಸ್ ಹೆಡ್‌ಲೈಟ್ (ಎದುರಿನವರ ಕಣ್ಣಿಗೆ ಬೀಳುವ ಬೆಳಕನ್ನು ಮಾತ್ರ ತಾನೇ ತಗ್ಗಿಸುವಂಥದ್ದು). ಸ್ಪೋರ್ಟ್ ಕ್ರೋನೋ ಬಿಟ್ಟೆ. ಅದಿದ್ದರೆ ನೂರು ಕಿಲೋಮೀಟರ್ ವೇಗ ಮುಟ್ಟಲು 0.2 ಸೆಕೆಂಡ್ ಬೇಗ ಅಂತೆ, ನನಗೆ ಆ ಅವಸರ ಇಲ್ಲ. ಕಾರ್ಬನ್, ಬಣ್ಣದ ಬೆಲ್ಟ್ ಎಲ್ಲ ಹೋಯಿತು. ಬಣ್ಣ ಕಾಯುವ ಫಿಲ್ಮ್ ಗಾಡಿ ಬಂದಮೇಲೆ ಹೊರಗೆ ಹಾಕಿಸುತ್ತೇನೆ. ಮೊತ್ತ ಇಪ್ಪತ್ತರ ಒಳಗೇ ನಿಂತಿತು.

ಟಾಪ್ ಬಟ್ಟೆಯ ಬಣ್ಣ ಒಂದು ಬಾಕಿ. ಕಪ್ಪೋ ಕೆಂಪೋ? ಮನೆ ಮುಂದೆ ದೊಡ್ಡ ಹೊಂಗೆ ಮರ ಇದೆ, ಗಾಡಿ ಅದರ ಕೆಳಗೇ ನಿಲ್ಲಬೇಕಾಗುತ್ತದೆ. ಮಳೆ ಬಂದಾಗ ಟಾಪ್ ಹೇಗೆ ನಿಭಾಯಿಸುತ್ತೀರಿ ಅಂತಲೂ ಹೇಳಿ.

ಮೂಡಲಗಾಳಿ

ಪ್ಲೈವುಡ್ ಕತ್ತರಿಸಿ ನೋಡಿದ್ದು ಓದಿ ಬಹಳ ಖುಷಿಯಾಯಿತು. ನಾನೂ 2017ರಲ್ಲಿ ಹಾಗೆ ಮಾಡಿದ್ದರೆ!

ಮಳೆಗೆ ಹೆದರಬೇಡಿ. ಟಾಪ್ 50 ಕಿಲೋಮೀಟರ್ ವೇಗದವರೆಗೂ ಓಡುತ್ತಲೇ ಮುಚ್ಚಿಕೊಳ್ಳುತ್ತದೆ, ಹೊಸದರಲ್ಲಿ ಸುಮಾರು 12 ಸೆಕೆಂಡ್. ಹೆಬ್ಬಾಳ ಫ್ಲೈಓವರ್ ಮೇಲೆ ನನಗೆ ಮೂರ್ನಾಲ್ಕು ಸಲ ಹಾಗಾಗಿದೆ. ಮೊದಲ ದಪ್ಪ ಹನಿ ಗಾಜಿಗೆ ಬಿದ್ದ ಕೂಡಲೇ ಗುಂಡಿ ಹಿಡಿದುಕೊಳ್ಳಬೇಕು, ಪೂರ್ತಿ ಮುಚ್ಚುವವರೆಗೂ ಬೆರಳು ತೆಗೆಯಬಾರದು. ಒದ್ದೆ ಟಾಪನ್ನು ಮಡಚಿ ಒಳಗೆ ಇಡಬೇಡಿ, ಬೂಸು ಹಿಡಿಯುತ್ತದೆ.

ಬಣ್ಣ ನಿಮ್ಮ ಮನೆಯವರನ್ನು ಕೇಳಿ. ಕೆಂಪು ಬಿಸಿಲಿಗೆ ಮಂಕಾಗಬಹುದು, ಕಪ್ಪಿನ ಮೇಲೆ ಹಕ್ಕಿ ಹಿಕ್ಕೆ ಎದ್ದು ಕಾಣುತ್ತದೆ. ನನಗೆ ಬಣ್ಣಕ್ಕಿಂತ ಚಿಂತೆ ನಿಮ್ಮ ಹೊಂಗೆ ಮರದ್ದು. ಬೇಸಿಗೆಯಲ್ಲಿ ಅದರ ಹೂ ಕಡಲೆಪುರಿ ಚೆಲ್ಲಿದ ಹಾಗೆ ಉದುರುತ್ತದೆ ಅಲ್ವಾ? ನೋಡೋಕೆ ಚಂದ. ಆದರೆ ಟಾಪಿನ ಹಿಂದಿನ ಸಂದಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿವೆ. ಹೂ ಅಲ್ಲಿ ಸೇರಿ ಕೊಳೆತು ಕಟ್ಟಿಕೊಳ್ಳುತ್ತದೆ. ಒಂದು ಮೇ ತಿಂಗಳ ಮಳೆಯ ಮಾರನೇ ದಿನ ನನ್ನ ಹಿಂದಿನ ಸೀಟಿನ ಕೆಳಗೆ ಕಾರ್ಪೆಟ್ ಒತ್ತಿದರೆ ಪಚಕ್ ಅಂತ ನೀರು ಬಂತು. ಬಗ್ಗಿ ನೋಡಿದರೆ ತೂತಿನ ತುಂಬ ಕಂದು ಬಣ್ಣದ ಹೂವಿನ ಮುದ್ದೆ. ಆಗಿನಿಂದ ಹದಿನೈದು ದಿನಕ್ಕೊಮ್ಮೆ ಹಳೇ ಟೂತ್‌ಬ್ರಷ್ಷಿನಲ್ಲಿ ಸಂದಿ ತೆಗೆದು, ಒಂದು ಲೋಟ ನೀರು ಬಿಟ್ಟು, ಅದು ಗಾಡಿಯ ಕೆಳಗೆ ತೊಟ್ಟಿಕ್ಕುವುದನ್ನು ಕಣ್ಣಾರೆ ನೋಡಿಯೇ ಏಳುತ್ತೇನೆ. ಮಾರ್ಚ್‌ನಿಂದ ಮಳೆಗಾಲದವರೆಗೆ ನೀವೂ ಹಾಗೇ ಮಾಡಿ. ಆದರೆ ಮರ ಕಡಿಸಬೇಡಿ.