ನೀರು ಬಿದ್ದ ಫೋನು, ನೀರಿಗೆ ಬಿದ್ದ ಫೋನು, ನೀರು ಹೊಕ್ಕ ಫೋನು

ಗೆಳೆಯರಿಗೆಲ್ಲ ನಮಸ್ಕಾರ.

ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗೆಳೆಯರೊಬ್ಬರು ನನಗೊಂದು ಕೆಲಸ ಹಚ್ಚಿದ್ದಾರೆ. ಮಳೆಗಾಲ ಶುರುವಾದರೆ ಅವರ ಮೇಜಿನ ಮೇಲೆ ನೀರು ಕುಡಿದ ಸೆಟ್ಟುಗಳದ್ದೇ ಸಾಲು. ಯಾವುದನ್ನು ಮನೆಯಲ್ಲೇ ಒರೆಸಿಟ್ಟರೆ ಸಾಕು, ಯಾವುದನ್ನು ಕೂಡಲೇ ಅಂಗಡಿಗೆ ತರಬೇಕು ಅಂತ ತಿಳಿಸುವ ಒಂದು ಪುಟದ ಸೂಚನೆ ಬೇಕಂತೆ. ಮಲೆಯಾಳದ್ದು ಆಗಲೇ ಗೋಡೆ ಏರಿದೆ. ಕನ್ನಡದ್ದು ನನ್ನ ಪಾಲಿಗೆ ಬಂತು. "ಮಾಷ್ಟ್ರೇ, ನಮ್ಮ ಜನಕ್ಕೆ ಅರ್ಥ ಆಗುವ ಹಾಗೆ ಬರೀರಿ, ಪೇಪರಿನ ಕನ್ನಡ ಬೇಡ" ಅಂತ ಷರತ್ತು ಬೇರೆ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತಕರಾರು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

‘ನೀರು ಬಿದ್ದ ಫೋನು’ ಅಂದರೆ ಫೋನಿನ ಮೇಲೆ ನೀರು ಬಿತ್ತು. ‘ನೀರಿಗೆ ಬಿದ್ದ ಫೋನು’ ಅಂದರೆ ಫೋನೇ ಹೋಗಿ ನೀರಿಗೆ ಬಿತ್ತು. ಒಂದು ವಿಭಕ್ತಿಯ ಅಂತರ. ಆದರೆ ರಿಪೇರಿಯವರಿಗೆ ಬೇಕಾದ್ದು ಇವೆರಡೂ ಅಲ್ಲ. ನೀರು ಒಳಗೆ ಹೋಗಿದೆಯಾ ಇಲ್ವಾ, ಅಷ್ಟೆ. ಬಾಲ್ದಿಗೆ ಬಿದ್ದ ಫೋನನ್ನು ಕೂಡಲೇ ಎತ್ತಿದರೆ ಒಳಗೆ ಒಂದು ಹನಿಯೂ ಹೋಗದೇ ಇರಬಹುದು. ಇನ್ನೊಂದಕ್ಕೆ ಮೇಜಿನ ಮೇಲೆ ಚೆಲ್ಲಿದ ಚಾ ಚಾರ್ಜಿಂಗ್ ಪಿನ್ನಿನ ಸಂದಿಯಿಂದ ಹೋಗಿ, ಮರುದಿನ ಅದು ಏಳುವುದೇ ಇಲ್ಲ.

ಇಲ್ಲಿನ ಮಲೆಯಾಳದವರು ‘ವೆಳ್ಳಂ ಕಯರಿ’ ಅನ್ನುತ್ತಾರೆ. ಹತ್ತುವುದಕ್ಕೂ ಒಳಗೆ ಸೇರುವುದಕ್ಕೂ ಅವರಿಗೆ ಅದೊಂದೇ ಮಾತು. ತುಳುವಿನಲ್ಲಿ ‘ಉಲಾಯಿ ನೀರ್ ಪೋತುಂಡು’ ಅಂದರೆ ಮುಗಿಯಿತು. ಕನ್ನಡದಲ್ಲಿ? ‘ನೀರು ನುಗ್ಗಿದೆ’ ಅಂದರೆ ನೆರೆಯ ಸುದ್ದಿ. ‘ನೀರಿಳಿದಿದೆ’ ಗೋಡೆಗೆ ಸರಿ, ಫೋನಿಗೆ ಹೇಳಿದರೆ ಯಾರೋ ಅದರ ನೀರಿಳಿಸಿದ ಹಾಗೆ ಕೇಳುತ್ತದೆ. ಒಬ್ಬರು ‘ನೀರುಪಾಲಾದ ಫೋನು’ ಅಂತ ಸೂಚಿಸಿದರು. ಅದು ಹೊಳೆಯಲ್ಲಿ ಹೋಗಿಯೇ ಬಿಟ್ಟದ್ದು, ರಿಪೇರಿಗೆ ತರಲು ಕೈಗೆ ಸಿಗಬೇಕಲ್ವಾ? ಸದ್ಯಕ್ಕೆ ನಾನು ‘ನೀರು ಹೊಕ್ಕ ಫೋನು’ ಅಂತ ಬರೆದಿದ್ದೇನೆ. ‘ಹೊಕ್ಕು’ ಸ್ವಲ್ಪ ಹಳತು ಅನಿಸಬಹುದು, ಆದರೆ ‘ಹೊಕ್ಕು ಬಳಕೆ’ ಅನ್ನುವ ಮಾತು ಇನ್ನೂ ಚಾಲ್ತಿಯಲ್ಲಿದೆ. ನಿಮಗೆ ಹೇಗೆ ಕೇಳುತ್ತದೆ?

ಎರಡನೇ ತಕರಾರು ‘ಚಂಡಿ’ಯದ್ದು. ಕಾಸರಗೋಡು, ಮಂಗಳೂರು ಕಡೆ ಚಂಡಿ ಅಂದರೆ ಒದ್ದೆ. ತುಳುವಿನಲ್ಲೂ ಅದೇ, ಹವ್ಯಕರಲ್ಲಿ ‘ಚೆಂಡಿ’. ಘಟ್ಟದ ಮೇಲಿನವರಿಗೆ ಚಂಡಿ ಅಂದರೆ ಹಟ, ಇಲ್ಲವೇ ದೇವಿ. ‘ಫೋನು ಚಂಡಿ ಆಗಿದೆ’ ಅಂದರೆ ಅವರು ಫೋನು ಹಟ ಹಿಡಿದಿದೆ ಅಂದುಕೊಂಡಾರು. ಅದೂ ಪೂರ್ತಿ ಸುಳ್ಳಲ್ಲ ಬಿಡಿ.

ಈ ಪದದ ತೊಂದರೆ ಅಂಗಡಿಯಲ್ಲಿ ಕೂತರೆ ತಿಳಿಯುತ್ತದೆ. ಜೂನಿನಲ್ಲಿ ಕೃಷಿಕರೊಬ್ಬರು ಬಂದರು. "ಬಿದ್ದದ್ದಲ್ಲ ಅಣ್ಣಾ, ಸುಮ್ನೆ ಸ್ವಲ್ಪ ಚಂಡಿ ಆದದ್ದು. ಒರೆಸಿದೆ, ಸರಿ ಇತ್ತು. ಈಗ ಚಾರ್ಜ್ ಏರ್ತಾ ಇಲ್ಲ." ಗೆಳೆಯರು ಸಿಮ್ ಹಾಕುವ ತಟ್ಟೆ ಎಳೆದು, ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಕಾಗದದ ಚುಕ್ಕಿ, ಬಿಳಿ ಇರಬೇಕಾದ್ದು ನೀರು ತಾಗಿ ಕೆಂಪಾಗಿದೆ. ಚಾರ್ಜಿಂಗ್ ಪಿನ್ನಿನ ಮೇಲೆ ಲೆನ್ಸ್ ಇಟ್ಟರೆ ಹಲ್ಲಿನ ಸಾಲಿನ ಹಾಗಿರುವ ಲೋಹದ ಎಳೆಗಳ ನಡುವೆ ನೀಲಿ-ಹಸಿರು ಪುಡಿ. "ತೋಟಕ್ಕೆ ಮದ್ದು ಬಿಡ್ತಾ ಇದ್ರಾ?" ಅಂತ ಕೇಳಿದರು. ಹೌದು, ಫೋನು ಅಂಗಿಯ ಕಿಸೆಯಲ್ಲೇ ಇತ್ತಂತೆ.

ಮದ್ದು ಅಂದರೆ ಬೋರ್ಡೋ ದ್ರಾವಣ. ಮಹಾಳಿ, ಅಂದರೆ ಕೊಳೆರೋಗ, ಬಾರದ ಹಾಗೆ ಅಡಿಕೆಗೊನೆಗೆ ಬಿಡುವುದು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಬರೀ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಅದರಲ್ಲಿ ಕರಗಿದ ಉಪ್ಪು, ಲವಣಗಳಿಂದ ಹರಿಯುತ್ತದೆ. ಹಾಗಾಗಿ ಬಾವಿ ನೀರಿನ ಚಂಡಿ ಬೇರೆ, ಮದ್ದಿನ ಚಂಡಿ ಬೇರೆ, ಬೇಕಲದ ಕಡಲಿನ ಚಂಡಿ ಬೇರೆಯೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಚಂದ್ರಗಿರಿ ಹೊಳೆಯೂ ಅಳಿವೆಯ ಹತ್ತಿರ ಉಪ್ಪೇ. ಸಕ್ಕರೆ ಹಾಕಿದ ಚಾ, ಶರಬತ್ತು ಆದರೆ ನೀರು ಆರಿದ ಮೇಲೂ ಒಳಗೆ ಅಂಟು ಉಳಿಯುತ್ತದೆ. ‘ಚಂಡಿ’ ಎಂಬ ಒಂದೇ ಮಾತಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೆ ಸೂಚನೆಯಲ್ಲಿ ‘ಎಷ್ಟು ಚಂಡಿ ಆಯ್ತು’ ಅಂತ ಕೇಳುವ ಬದಲು ‘ಯಾವ ನೀರು’ ಅಂತ ಕೇಳಿದ್ದೇನೆ. ಉಪ್ಪುನೀರು, ಮದ್ದು, ಸಾಬೂನು ನೀರು, ಚಾ ಇವುಗಳಲ್ಲಿ ಯಾವುದಾದರೂ ಆದರೆ, ಫೋನು ಚೆನ್ನಾಗಿಯೇ ನಡೆಯುತ್ತಿದ್ದರೂ ಅಂಗಡಿಗೆ ತನ್ನಿ ಅಂತ.

ಇನ್ನು ‘ಒಣಗಿತು’. ನಮ್ಮಲ್ಲಿ ಒಣಗುವುದಕ್ಕೆ ಎರಡು ಮಾತಿವೆ, ಆರುವುದು ಮತ್ತು ಒಣಗುವುದು. ಬಟ್ಟೆ ಆರುತ್ತದೆ, ಅಡಿಕೆ ಒಣಗುತ್ತದೆ. ಆರುವುದು ಮೇಲಿನದ್ದು, ಬೇಗ ಆಗುವಂಥದ್ದು. ಒಣಗುವುದು ಒಳಗಿನವರೆಗೆ. ಅಂಗಳದಲ್ಲಿ ಹರಡಿದ ಅಡಿಕೆ ಮೇಲಿನಿಂದ ಗರಿಗರಿ ಕಂಡರೂ ಒಡೆದರೆ ಒಳಗೆ ಹಸಿ ಇರುತ್ತದೆ. ಅದಕ್ಕೇ ಬಿಸಿಲಿನಲ್ಲಿ ನಲವತ್ತು ದಿನದ ಲೆಕ್ಕ. ಫೋನೂ ಹಾಗೇ. ಹೊರಗೆ ಆರಿದ್ದನ್ನು ಜನ ‘ಒಣಗಿದೆ’ ಅನ್ನುತ್ತಾರೆ, ಒಣಗಿದ್ದನ್ನು ‘ಸರಿಯಾಗಿದೆ’ ಅನ್ನುತ್ತಾರೆ, ಚಾರ್ಜಿಗೆ ಹಾಕುತ್ತಾರೆ. ಅಲ್ಲಿಗೆ ಶಾರ್ಟ್ ಸರ್ಕ್ಯೂಟ್. ‘ಫೋನು ಆರಿದೆ’ ಅಂತ ಬರೆಯೋಣ ಅಂದರೆ ಅದಕ್ಕೆ ಇನ್ನೊಂದು ಕಾಟ. ದೀಪವೂ ಆರುತ್ತದೆ, ಕಾಫಿಯೂ ಆರುತ್ತದೆ. ಓದಿದವರು ಫೋನೇ ನಂದಿಹೋಯಿತು ಅಂದುಕೊಂಡಾರು.

ಇಲ್ಲಿ ನನಗೆ ಒದಗಿ ಬಂದದ್ದು ‘ಪಸೆ’. ಗಂಟಲಿನ ಪಸೆ ಆರಿತು ಅನ್ನುತ್ತೇವೆ, ಎಲ್ಲ ಕಡೆಯ ಕನ್ನಡಿಗರಿಗೂ ಗೊತ್ತಿರುವ ಮಾತು. ಒದ್ದೆ ಮೇಲಿನದ್ದು, ಪಸೆ ಒಳಗಿನದ್ದು. ‘ಹೊರಗಿನ ಒದ್ದೆ ಒರೆಸಿದರೂ ಒಳಗೆ ಪಸೆ ಇರುತ್ತದೆ, ಚಾರ್ಜಿಗೆ ಹಾಕಬೇಡಿ’ ಅಂತ ಬರೆದೆ. ಗೆಳೆಯರು ಓದಿ ತಲೆದೂಗಿದರು. ‘ತೇವಾಂಶ’ ಅಂತ ಬರೆದಿದ್ದರೆ ಹವಾಮಾನ ವರದಿ ಆಗುತ್ತಿತ್ತು.

ಅಕ್ಕಿಯ ವಿಷಯ ಬರೆಯಬಾರದು ಅಂತಲೇ ಇದ್ದೆ, ಅವರು ಬಿಡಲಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಟ್ಟು ತರುವವರು ಜಾಸ್ತಿಯಂತೆ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಅಂತ ಕೇಳುವವರೂ ಇದ್ದಾರಂತೆ! ಎರಡೂ ಬೇಡ. ಗಾಳಿಯಾಡುವ ಕಡೆ ಸುಮ್ಮನೆ ಇಟ್ಟದ್ದಕ್ಕಿಂತ ಹೆಚ್ಚಿನದೇನೂ ಅಕ್ಕಿಯಿಂದ ಆಗುವುದಿಲ್ಲ. ಮೇಲಿಂದ ತೌಡು, ನುಚ್ಚು ಪಿನ್ನಿನ ಒಳಗೆ ಕೂರುತ್ತದೆ. ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯವರೇ ತಮ್ಮ ಸಲಹೆಯಲ್ಲಿ ಹೇಳಿದ್ದಾರೆ. 2024ರಲ್ಲಿ ಇದು ಪೇಪರಿನಲ್ಲೂ ಬಂದಿತ್ತು. ತಲೆಗೂದಲು ಒಣಗಿಸುವ ಬಿಸಿಗಾಳಿಯೂ ಬೇಡ. ನೀರನ್ನು ಇನ್ನೂ ಒಳಕ್ಕೆ ದೂಡುತ್ತದೆ, ಅಂಟು ಬಿಡಿಸುತ್ತದೆ.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ಒಳಗೆ ಹೋದ ನೀರು ಒಣಗಿದ ಮೇಲೆ ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಉಳಿಸಿ ಹೋಗುವುದಕ್ಕೆ ಏನೆನ್ನೋಣ? ಎಲ್ಲರ ಬಾಯಲ್ಲೂ ‘ತುಕ್ಕು’. ಮಲೆಯಾಳದ ಸೂಚನೆಯಲ್ಲೂ ‘ತುರುಂಬ್’ ಅಂತಲೇ ಇದೆ. ಆದರೆ ತುಕ್ಕು ಕಬ್ಬಿಣದ್ದು, ಕೆಂಪು. ಬೋರ್ಡಿನ ಗೆರೆಗಳು ತಾಮ್ರದವು, ಅಲ್ಲಿ ಕಾಣುವುದು ಹಸಿರು. ಅದಕ್ಕೆ ನಮ್ಮಲ್ಲಿ ಬೇರೆಯೇ ಪದ ಇದೆ, ಕಿಲುಬು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಇಟ್ಟರೆ ಕಿಲುಬು ಬರುತ್ತದೆ ಅಂತ ಅಜ್ಜಿಯಂದಿರು ಬೈಯುತ್ತಿದ್ದದ್ದು ಇದಕ್ಕೇ. ‘ಕಿಲುಬು ಕಾಸೂ ಇಲ್ಲ’ ಅನ್ನುವ ಮಾತೂ ಉಂಟಲ್ಲ, ತಾಮ್ರದ ಕಾಸಿನ ಕಾಲದ್ದು. ಅಕ್ಕಪಕ್ಕದ ನುಡಿಗಳಲ್ಲೂ ಈ ಎರಡನ್ನು ಬೇರೆ ಮಾಡುವ ಪದಗಳಿವೆ. ತಮಿಳಿನಲ್ಲಿ ಕಬ್ಬಿಣಕ್ಕೆ ‘ತುರು’, ತಾಮ್ರಕ್ಕೆ ‘ಕಳಿಂಬು’. ಮಲೆಯಾಳದಲ್ಲಿ ಕಂಚಿನ ದೀಪಕ್ಕೆ ಹಿಡಿಯುವುದು ‘ಕ್ಲಾವ್’. ತೆಲುಗಿನ ‘ಚಿಲುಮು’ ನಮ್ಮ ಕಿಲುಬಿನ ದಾಯಾದಿಯೇ. ಕನ್ನಡದಲ್ಲಿ ‘ಕಿ’ ಇದ್ದ ಕಡೆ ತೆಲುಗಿನಲ್ಲಿ ‘ಚಿ’ ಇಲ್ಲವೇ ‘ಚೆ’ ಬರುವುದು ಹೊಸತೇನಲ್ಲ, ಕಿವಿ-ಚೆವಿ ನೋಡಿ.

ಇದು ಬರೀ ಪದದ ಚಪಲ ಅಲ್ಲ. ತುಕ್ಕು ಅಂದಾಗ ಜನರ ಮನಸ್ಸಿಗೆ ಬರುವುದು ಗೇಟು, ಕತ್ತಿ. ವರ್ಷಗಟ್ಟಲೆ ಆಗುವಂಥದ್ದು, ಅವಸರ ಇಲ್ಲ. ಫೋನಿನೊಳಗೆ ಹಾಗಲ್ಲ. ಸ್ವಿಚ್ ಆಫ್ ಮಾಡಿದರೂ ಬ್ಯಾಟರಿ ಬೋರ್ಡಿಗೆ ಕೂಡಿಕೊಂಡೇ ಇರುತ್ತದೆ. ಪಸೆ, ಲವಣ, ಕರೆಂಟ್ ಮೂರೂ ಸೇರಿದರೆ ಒಂದು ಕಡೆಯ ತಾಮ್ರ ಕರಗಿ ಇನ್ನೊಂದು ಕಡೆ ಕೂರುತ್ತದೆ. ಬಿಡಿಭಾಗಗಳ ಸಣ್ಣ ಲೋಹದ ಕಾಲುಗಳ ನಡುವೆ ಸೇತುವೆ ಕಟ್ಟಿ ಶಾರ್ಟ್ ಆಗುತ್ತದೆ, ಇಲ್ಲವೇ ಗೆರೆಯೇ ತಿಂದುಹೋಗುತ್ತದೆ. ಕೆಲವೇ ದಿನದ ಕೆಲಸ, ಉಪ್ಪುನೀರಾದರೆ ಇನ್ನೂ ಬೇಗ. ‘ಬಿದ್ದ ದಿನ ಸರಿ ಇತ್ತು, ವಾರ ಕಳೆದು ಸತ್ತಿತು’ ಅನ್ನುವ ದೂರು ಬರುವುದು ಹೀಗೆ. ಅಂಗಡಿಯಲ್ಲಿ ಮಾಡುವುದೂ ಮೊದಲು ಇದಕ್ಕೇ ಮದ್ದು. ಬಿಚ್ಚಿ, ಬ್ಯಾಟರಿ ತಪ್ಪಿಸಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ಬೇಗ ಆರುವ ಸ್ಪಿರಿಟ್ ಹಾಕಿ ಬ್ರಷ್ಷಿನಿಂದ ತೊಳೆಯುತ್ತಾರೆ. ಅವರ ಭಾಷೆಯಲ್ಲಿ ‘ವಾಶ್’. ಕೆಲವರಲ್ಲಿ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯೂ ಇರುತ್ತದೆ. ಕಿಲುಬು ಹಿಡಿಯುವ ಮೊದಲು ತಂದರೆ ವಾಶ್‌ನಲ್ಲೇ ಮುಗಿದೀತು, ಹಿಡಿದ ಮೇಲೆ ತಂದರೆ ಬಿಡಿಭಾಗ ಬದಲಿಸಬೇಕು. ಸೂಚನೆಗೆ ಇದನ್ನೇ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಗೆಳೆಯರ ಅನುಮಾನ ಒಂದೇ: "ಕಿಲುಬು ಅಂದ್ರೆ ಈಗಿನ ಮಕ್ಕಳಿಗೆ ಗೊತ್ತುಂಟಾ ಮಾಷ್ಟ್ರೇ? ಮನೆಯಲ್ಲಿ ಇರುವುದು ಸ್ಟೀಲು." ಅಂಗಡಿಗೆ ಬಂದ ಒಂದೆರಡು ಹುಡುಗರನ್ನು ಕೇಳಿದೆ. ಒಬ್ಬನಿಗೆ ಗೊತ್ತಿರಲಿಲ್ಲ. ಇನ್ನೊಬ್ಬ ಭೂತದ ಚಾವಡಿಯ ಗಂಟೆ ತಿಕ್ಕಿದವನು, ಥಟ್ಟನೆ ಹೇಳಿದ.

‘ವಾಟರ್‌ಪ್ರೂಫ್’ ಬಗ್ಗೆ ಚಿಕ್ಕದಾಗಿ. ‘ಜಲನಿರೋಧಕ’ ಅಂತ ಎಲ್ಲರೂ ಬರೆಯುತ್ತಾರೆ. ಕೇಳಿದವರು ಫೋನು ಹಿಡಿದು ಕೆರೆಗೆ ಹಾರಬಹುದು ಅಂದುಕೊಳ್ಳುತ್ತಾರೆ. ಫೋನು ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ‘ಐಪಿ’ ಎಂಬ ಅಳತೆ ಇದೆ. ಐಪಿ67 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಐಪಿ68 ಆದರೆ ಅದಕ್ಕಿಂತ ಹೆಚ್ಚು, ಎಷ್ಟು ಅಂತ ಆಯಾ ಕಂಪನಿ ಹೇಳಬೇಕು. ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಅದೂ ಹೊಸ ಫೋನಿನ ಮೇಲೆ. ಒಮ್ಮೆ ಕೆಳಗೆ ಬಿದ್ದು ಅಂಚು ಬಿಟ್ಟರೆ, ಅಥವಾ ಡಿಸ್‌ಪ್ಲೇ ಬದಲಿಸುವಾಗ ಅಂಟು ಸರಿ ಕೂರದಿದ್ದರೆ ಆ ಲೆಕ್ಕ ನಡೆಯದು. ನೀರಿನಿಂದ ಕೆಟ್ಟರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ‘ನೀರು ತಾಳುವ’ ಅಂತ ಹಾಕಿದೆ. ತಾಳುವುದಕ್ಕೆ ಒಂದು ಮಿತಿ ಇರುತ್ತದೆ ಅಲ್ವಾ? ‘ನಿರೋಧಕ’ದಲ್ಲಿ ಆ ಮಿತಿ ಕಾಣುವುದಿಲ್ಲ.

ಕೊನೆಯ ಭಾಗ, ಅಂಗಡಿಗೆ ತರಲೇಬೇಕಾದ ಗುರುತುಗಳು. ಇಲ್ಲಿ ಪದಗಳು ಜನರ ಬಾಯಲ್ಲೇ ಸಿದ್ಧವಾಗಿದ್ದವು, ನಾನು ಬರೆದುಕೊಂಡದ್ದಷ್ಟೆ. ಕ್ಯಾಮೆರಾ ಒಳಗಿನಿಂದ ಬೆವರುವುದು. ಸ್ವರ ಗೊಗ್ಗರಾಗಿ ಕೇಳುವುದು. ಡಿಸ್‌ಪ್ಲೇ ಮೇಲೆ ಕಲೆ ಹರಡುವುದು. ಮುಟ್ಟದೆಯೇ ತನ್ನಷ್ಟಕ್ಕೆ ಕೀ ಒತ್ತಿಕೊಳ್ಳುವುದು, ಇದಕ್ಕೆ ನಮ್ಮಲ್ಲಿ ‘ಭೂತ ಹಿಡಿದಿದೆ’ ಅನ್ನುತ್ತಾರೆ. ಚಾರ್ಜ್ ಏರದಿರುವುದು, ಸುಮ್ನೆ ಇಟ್ಟರೂ ಬಿಸಿಯಾಗುವುದು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗಂತೂ ಬೇಡವೇ ಬೇಡ. ಆ ಕೆಂಪು ಚುಕ್ಕಿಯೂ ಒಂದು ಗುರುತು. ಆದರೆ ಅದು ಬಿಳಿ ಉಳಿದಿದ್ದರೆ ಬಚಾವು ಅಂತೇನಿಲ್ಲ, ನೀರು ಬೇರೆ ದಾರಿಯಲ್ಲೂ ಹೋಗಿರಬಹುದು. ‘ಕೆಟ್ಟಿದೆ’ ಮತ್ತು ‘ಹಾಳಾಗಿದೆ’ ಇವನ್ನೂ ಬೇರೆ ಬೇರೆಯಾಗಿ ಬಳಸಿದ್ದೇನೆ. ಕೆಟ್ಟದ್ದು ರಿಪೇರಿಗೆ ಬರುತ್ತದೆ, ಹಾಳಾದ್ದು ಗುಜರಿಗೆ.

ಆ ಚುಕ್ಕಿಗೆ ಮಾತ್ರ ಹೆಸರು ಹೊಂದಿಸಲು ಆಗಲಿಲ್ಲ. ‘ನೀರುಗುರುತು’ ಅಂದರೆ ನೋಟಿನ ಒಳಗಿನ ಗುರುತಿನ ಹಾಗಾಗುತ್ತದೆ. ಗೆಳೆಯರು ‘ಕೆಂಪು ಚುಕ್ಕಿ’ ಅನ್ನುತ್ತಾರೆ, ಆದರೆ ಅದು ಮೊದಲು ಬಿಳಿಯೇ ಇರುತ್ತದಲ್ಲ. ‘ಸಾಕ್ಷಿಚುಕ್ಕಿ’ ಅಂದರೆ ನಾಟಕೀಯವಾಯಿತೇ? ಹಾಗೆಯೇ ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಕಿಲುಬು ಇನ್ನೂ ಬಾಯಿಮಾತಿನಲ್ಲಿ ಇದೆಯೇ, ಅಥವಾ ತಾಮ್ರಕ್ಕೂ ತುಕ್ಕೇ ಹಿಡಿಯುತ್ತದೆಯೇ? ಮಳೆ ಬಿಡುವ ಮೊದಲು ಅಚ್ಚಿಗೆ ಕೊಡಬೇಕಂತೆ.